ಮಸ್ಕೀಗನ್ನಿನ ಸಾಮಿಲ್ ಸಾಹುಕಾರ: ಹ್ಯಾಕ್ಲಿ ಚರಿತ್ರೆಯ ಕೆಲಸ ಎಲ್ಲಿಗೆ ಬಂತು

ಚಾರ್ಲ್ಸ್ ಹ್ಯಾಕ್ಲಿಯ ಜೀವನವನ್ನು ಕನ್ನಡದಲ್ಲಿ ಬರೆಯುವ ಕೆಲಸ ಅರ್ಧ ದಾಟಿದೆ. ಕಾಡು, ನದಿ, ಸಾಮಿಲ್ಲು, ಈ ಮೂರು ಅಧ್ಯಾಯಗಳು ಒಂದು ಹದಕ್ಕೆ ಬಂದಿವೆ. ಈಗ ಊರಿನ ಅಧ್ಯಾಯಕ್ಕೆ ಕೈ ಹಾಕಿದ್ದೇನೆ. ಜೊತೆಗೆ ನದಿಯ ನಕ್ಷೆಯೊಂದನ್ನು ಕೈಯಲ್ಲೇ ಬಿಡಿಸುತ್ತಿದ್ದೇನೆ. ಬರವಣಿಗೆಗಿಂತ ಅದೇ ಜಾಸ್ತಿ ಹೊತ್ತು ತಗೊಳ್ತಿದೆ. ಆದರೆ ನದಿ ಕಣ್ಣೆದುರು ಇಲ್ಲದೆ ಈ ಕಥೆ ಅರ್ಥವಾಗುವುದಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಹ್ಯಾಕ್ಲಿ 1837ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದವನು. ಹತ್ತೊಂಬತ್ತರ ವಯಸ್ಸಿನಲ್ಲಿ, 1856ರಲ್ಲಿ, ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಸಾಮಿಲ್ ಊರಿಗೆ ಹಾಯಿಹಡಗಿನಲ್ಲಿ ಬಂದಿಳಿದ. ಜೇಬಿನಲ್ಲಿ ಏಳು ಡಾಲರ್ ಇತ್ತು ಅನ್ನುವ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಮೊದಲು ಮಿಲ್ಲಿನಲ್ಲಿ ಕೂಲಿ, ಆಮೇಲೆ ಲೆಕ್ಕ ಬರೆಯುವ ಕೆಲಸ, ಅಲ್ಲಿಂದ ತಂದೆಯ ಜೊತೆ ಪಾಲುದಾರಿಕೆ. 1881ರಿಂದ ತನ್ನ ಹಳೇ ಲೆಕ್ಕಿಗ ಥಾಮಸ್ ಹ್ಯೂಮ್ ಜೊತೆ ಸೇರಿ ಹ್ಯಾಕ್ಲಿ ಅಂಡ್ ಹ್ಯೂಮ್ ಕಂಪನಿ. ನಡುವೆ ಕೌಂಟಿಯ ಖಜಾಂಚಿ, ನಗರಸಭೆಯ ಸದಸ್ಯ, ಶಾಲಾ ಮಂಡಳಿಯ ಸದಸ್ಯ. 1905ರಲ್ಲಿ ತೀರಿಕೊಂಡಾಗಲೂ ಅದೇ ಊರಿನವನಾಗಿಯೇ ಇದ್ದ. ಇದೊಂದು ಕಾರಣಕ್ಕೇ ನಾನು ಇವನನ್ನು ಆರಿಸಿಕೊಂಡಿದ್ದು.

ಈಗ ನಕ್ಷೆಗೆ ಬರೋಣ. ಮಸ್ಕೀಗನ್ ನದಿ ಸುಮಾರು 350 ಕಿಲೋಮೀಟರ್ ಉದ್ದ. ರಾಜ್ಯದ ನಡುಭಾಗದ ಕೆರೆಗಳಿಂದ ಹೊರಟು ನೈಋತ್ಯಕ್ಕೆ ಹರಿದು ಮಸ್ಕೀಗನ್ ಸರೋವರ ಸೇರುತ್ತದೆ. ಆ ಸರೋವರದಿಂದ ಒಂದು ಸಣ್ಣ ಕಾಲುವೆ ದಾಟಿದರೆ ಸಮುದ್ರದಂಥ ಮಿಷಿಗನ್ ಸರೋವರ, ಅದರ ಆಚೆ ದಡದಲ್ಲಿ ಶಿಕಾಗೊ. ಮೇಲೆ ಪೈನ್ ಕಾಡು, ನಡುವೆ ನದಿ, ಕೆಳಗೆ ಮಿಲ್ಲು, ಆಚೆ ಗಿರಾಕಿ. ಹಾಗಾಗಿ ನಕ್ಷೆಯಲ್ಲಿ ಊರಿನ ಹೆಸರುಗಳನ್ನು ಚಿಕ್ಕದು ಮಾಡಿ, ನೀರನ್ನು ದಪ್ಪ ಗೆರೆಯಲ್ಲಿ ತೋರಿಸಿದ್ದೇನೆ. ಬಿಳಿ ಪೈನ್ ಚೆನ್ನಾಗಿ ತೇಲುತ್ತದೆ. ಚಳಿಗಾಲದಲ್ಲಿ ಮರ ಕಡಿದು, ಹೆಪ್ಪುಗಟ್ಟಿದ ದಾರಿಯ ಮೇಲೆ ಜಾರುಬಂಡಿಯಲ್ಲಿ ನದಿ ದಡಕ್ಕೆ ಎಳೆದು ಪೇರಿಸುತ್ತಿದ್ದರು. ಹಿಮ ಕರಗಿ ನೀರು ಏರಿದಾಗ ಎಲ್ಲವನ್ನೂ ಹೊಳೆಗೆ ಉರುಳಿಸುತ್ತಿದ್ದರು.

ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದದ್ದು ದಿಮ್ಮಿಯ ಗುರುತು. ಯೋಚನೆ ಮಾಡಿ, ಒಂದೇ ನದಿಯಲ್ಲಿ ಹತ್ತಾರು ಕಂಪನಿಗಳ ಲಕ್ಷಾಂತರ ದಿಮ್ಮಿಗಳು ಒಟ್ಟಿಗೆ ತೇಲಿಬರುತ್ತವೆ. ಯಾರದು ಯಾವುದು ಅಂತ ಗೊತ್ತಾಗುವುದು ಹೇಗೆ? ಅದಕ್ಕೊಂದು ಕಬ್ಬಿಣದ ಸುತ್ತಿಗೆ. ಅದರ ಮುಖದಲ್ಲಿ ಕಂಪನಿಯ ಗುರುತು ಉಬ್ಬಾಗಿ ಎದ್ದಿರುತ್ತದೆ: ಒಂದು ಅಕ್ಷರ, ನಕ್ಷತ್ರ, ವೃತ್ತದೊಳಗೊಂದು ಗೆರೆ, ಹೀಗೆ. ದಿಮ್ಮಿಯ ಕೊಯ್ದ ತುದಿಗೆ ಅದನ್ನು ಬೀಸಿ ಹೊಡೆಯುತ್ತಾರೆ. ಒಂದು ಏಟಲ್ಲ, ಎರಡೂ ತುದಿಗೆ ಹಲವು ಏಟು. ನೀರಿನಲ್ಲಿ ದಿಮ್ಮಿ ಹೇಗೆ ಹೊರಳಿದರೂ ಒಂದು ಗುರುತಾದರೂ ಮೇಲೆ ಕಾಣಬೇಕಲ್ಲ, ಅದಕ್ಕೆ. ಈ ಗುರುತುಗಳನ್ನು ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸಬೇಕಿತ್ತು. ಬೇರೆಯವರ ದಿಮ್ಮಿಯ ತುದಿಯನ್ನು ಒಂದಿಷ್ಟು ಕೊಯ್ದು ಹಾಕಿ ತಮ್ಮ ಗುರುತು ಒತ್ತುವ ಕಳ್ಳರೂ ಇದ್ದರು.

ನದಿ ಸರೋವರ ಸೇರುವ ಜಾಗದಲ್ಲಿ ಈ ದಿಮ್ಮಿಗಳನ್ನು ಬೇರೆ ಮಾಡಲು ಮಿಲ್ಲಿನವರೆಲ್ಲ ಸೇರಿ 1864ರಲ್ಲಿ ಮಸ್ಕೀಗನ್ ಬೂಮಿಂಗ್ ಕಂಪನಿ ಕಟ್ಟಿಕೊಂಡರು. ದಿಮ್ಮಿಗೆ ದಿಮ್ಮಿ ಸರಪಳಿಯಲ್ಲಿ ಬಿಗಿದ ತೇಲುವ ಬೇಲಿಗಳು, ಅವುಗಳ ನಡುವೆ ದೊಡ್ಡಿಗಳು. ತಳಕ್ಕೆ ಮೊಳೆ ಹೊಡೆದ ಬೂಟು ಹಾಕಿದ ಕೆಲಸಗಾರರು ತೇಲುವ ಮರದ ಮೇಲೆ ಓಡಾಡುತ್ತಾ, ಉದ್ದನೆ ಕೋಲಿನಿಂದ ಒಂದೊಂದನ್ನೂ ಅದರದರ ದೊಡ್ಡಿಗೆ ತಳ್ಳುತ್ತಿದ್ದರು. ಮಾರ್ಕೆಟ್ಟಿನಲ್ಲಿ ಎದುರಾಳಿಗಳು, ನೀರಿನಲ್ಲಿ ಮಾತ್ರ ಪಾಲುದಾರರು. ಊರಿನ ಕೆಲಸವನ್ನು ನಾಲ್ಕು ಜನ ಕೂಡಿ ಮಾಡುವ ಅಭ್ಯಾಸ ಈ ಮಿಲ್ಲಿನವರಿಗೆ ಇಲ್ಲಿಂದಲೇ ಬಂತು ಅಂತ ನನಗೆ ಅನಿಸುತ್ತದೆ. ಆ ಅಧ್ಯಾಯವನ್ನು ಹಾಗೇ ಕಟ್ಟಿದ್ದೇನೆ.

ಇನ್ನು ಲೆಕ್ಕ. 1887ರಲ್ಲಿ ಮಸ್ಕೀಗನ್ನಿನ ಮಿಲ್ಲುಗಳು ಕೊಯ್ದದ್ದು ಸುಮಾರು 66.5 ಕೋಟಿ ಬೋರ್ಡ್ ಫೂಟ್. ಒಂದು ಬೋರ್ಡ್ ಫೂಟ್ ಅಂದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ. ಈ ಸಂಖ್ಯೆ ಹಾಗೇ ಕೊಟ್ಟರೆ ಓದುಗರಿಗೆ ಏನೂ ಕಾಣುವುದಿಲ್ಲ. ಅದಕ್ಕೆ ಆ ಕಾಲದ ಅಮೆರಿಕದಲ್ಲಿ ಬಳಕೆಯಲ್ಲಿದ್ದ ಡಾಯ್ಲ್ ಲೆಕ್ಕ ಹಿಡಿದೆ, ಅಂದರೆ ಒಂದು ದಿಮ್ಮಿಯಿಂದ ಎಷ್ಟು ಹಲಗೆ ಬರುತ್ತದೆ ಅಂತ ಅಂದಾಜು ಮಾಡುವ ಸೂತ್ರ. ಹದಿನಾರು ಅಡಿ ಉದ್ದದ ದಿಮ್ಮಿಯಾದರೆ ಅದು ಬಹಳ ಸಲೀಸು: ಸಣ್ಣ ತುದಿಯ ವ್ಯಾಸದಲ್ಲಿ ನಾಲ್ಕಿಂಚು ಕಳೆಯಿರಿ, ಉಳಿದದ್ದನ್ನು ಅದರಿಂದಲೇ ಗುಣಿಸಿ. ಇಪ್ಪತ್ತು ಇಂಚಿನ ದಿಮ್ಮಿಗೆ 16 ಸಲ 16, ಅಂದರೆ 256 ಬೋರ್ಡ್ ಫೂಟ್. ಎಲ್ಲವೂ ಅದೇ ಅಳತೆಯ ದಿಮ್ಮಿ ಅಂತ ಇಟ್ಟುಕೊಂಡರೂ ಒಂದೇ ವರ್ಷಕ್ಕೆ ಸುಮಾರು 26 ಲಕ್ಷ ದಿಮ್ಮಿ! ಇನ್ನೊಂದು ವಿಷಯ. ದಿಮ್ಮಿ ತೆಳ್ಳಗಿದ್ದಷ್ಟೂ ಈ ಲೆಕ್ಕ ಕಡಿಮೆ ತೋರಿಸುತ್ತದೆ. ಎಂಟು ಇಂಚಿನದ್ದಕ್ಕೆ ಬರೀ 16. ಗರಗಸಕ್ಕೆ ಹಾಕಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಹಲಗೆ ಬರುತ್ತದೆ. ಈ ಅಳತೆಯಲ್ಲಿ ಮರ ಕೊಂಡವನಿಗೆ ಆ ಜಾಸ್ತಿ ಹಲಗೆಯೆಲ್ಲ ಲಾಭ. ಲೆಕ್ಕ ಬರೆಯುತ್ತಾ ಮೇಲೆ ಬಂದ ಹ್ಯಾಕ್ಲಿಯಂಥವರಿಗೆ ವ್ಯಾಪಾರದ ಒಳಸುಳಿ ಕೈವಶವಾದದ್ದು ಸುಮ್ನೆ ಅಲ್ಲ.

1887 ಶಿಖರದ ವರ್ಷ. ಅಲ್ಲಿಂದ ಮುಂದೆ ಇಳಿಜಾರು, ಯಾಕೆಂದರೆ ಮೇಲೆ ಕಾಡೇ ಮುಗಿಯುತ್ತಾ ಬಂದಿತ್ತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಹ್ಯಾಕ್ಲಿ ಅಂಡ್ ಹ್ಯೂಮ್ ಮಿಲ್ಲು 1894ರಲ್ಲಿ ನಿಂತಿತು. ಈ ಊರಿನ ದಿಮ್ಮಿಯಿಂದಲೇ ಬೆಳೆದ ಮಾರ್ಟಿನ್ ರೈರ್ಸನ್ ಎಷ್ಟೋ ಮೊದಲೇ ಶಿಕಾಗೊ ಸೇರಿಯಾಗಿತ್ತು. ಅವನ ಮಗನ ಕಾಲದಲ್ಲಿ ಆ ದುಡ್ಡು ಶಿಕಾಗೊ ವಿಶ್ವವಿದ್ಯಾಲಯಕ್ಕೆ, ಅಲ್ಲಿನ ಚಿತ್ರಶಾಲೆಗೆ ಹೋಯಿತು. ಅದೂ ಒಳ್ಳೇ ಕೆಲಸವೇ. ಆದರೆ ಕೂಲಿ ಕಳೆದುಕೊಂಡ ಮಸ್ಕೀಗನ್ನಿನ ಮಂದಿಗೆ ಅದರಿಂದ ಏನು ಸಿಕ್ಕಿತು?

ಹ್ಯಾಕ್ಲಿ ಊರು ಬಿಡಲಿಲ್ಲ. 1888ರ ಮೇ 25ರಂದು ಊರಿಗೊಂದು ಗ್ರಂಥಾಲಯಕ್ಕೆ 1,00,000 ಡಾಲರ್ ಕೊಡುವುದಾಗಿ ಹೇಳಿದ. 1890ರಲ್ಲಿ ಅದು ಬಾಗಿಲು ತೆರೆಯಿತು, ಇವತ್ತಿಗೂ ನಡೆಯುತ್ತಿದೆ. ಆಮೇಲೆ ಉದ್ಯಾನ, ಅದರಲ್ಲಿ 1892ರಲ್ಲಿ ಅಂತರ್ಯುದ್ಧದ ಸೈನಿಕರ ಸ್ಮಾರಕ, 1897ರಲ್ಲಿ ಕೈಕಸುಬಿನ ಶಾಲೆ, 1904ರಲ್ಲಿ ಆಸ್ಪತ್ರೆ. ಇವುಗಳಲ್ಲಿ ನನ್ನ ಮೆಚ್ಚಿನದು ಆ ಶಾಲೆ. ಮರಗೆಲಸ, ಲೋಹದ ಕೆಲಸ ಕಲಿತ ಹುಡುಗನಿಗೆ ಮಿಲ್ಲು ಮುಚ್ಚಿದ ಮೇಲೂ ಹೊಟ್ಟೆಪಾಡಿಗೆ ಒಂದು ದಾರಿ ಇರುತ್ತದೆ. ಊರಿಗೆ ಬಂದ ಹೊಸ ಕಾರ್ಖಾನೆಗಳಲ್ಲಿ ಒಂದು ಚೇಸ್-ಹ್ಯಾಕ್ಲಿ ಪಿಯಾನೊ ಕಂಪನಿ. ಅದೂ ಮರದ ಕೆಲಸವೇ ಅಲ್ವಾ!

ಹಾಗಂತ ಈ ಪುಸ್ತಕ ಬರೀ ಹೊಗಳಿಕೆ ಆಗಬಾರದು. ಮಿಲ್ಲುಗಳು ಹೋದ ಮೇಲೆ ನದಿಯ ಮೇಲ್ಭಾಗದಲ್ಲಿ ಉಳಿದದ್ದು ಬೊಡ್ಡೆಗಳು. ಕಡಿದ ಜಾಗದ ಒಣ ರೆಂಬೆಗಳು ಬೆಂಕಿಗೆ ಮೇವಾಗುತ್ತಿದ್ದವು. 1871ರ ಅಕ್ಟೋಬರ್ 8ರಂದು ಶಿಕಾಗೊ ಹೊತ್ತಿದ ದಿನವೇ ಮಿಷಿಗನ್ನಿನ ಹಾಲೆಂಡ್, ಮನಿಸ್ಟೀ ಊರುಗಳೂ ಉರಿದವು. ಶಿಕಾಗೊ ಮತ್ತೆ ಕಟ್ಟಲು ಹಲಗೆ ಬೇಕಾಯಿತು, ಮಸ್ಕೀಗನ್ನಿಗೆ ಅದರಿಂದ ಲಾಭವೂ ಆಯಿತು. ಕೂಲಿಗಳ ಮಾತೂ ಇದೆ. ಅದೇ ರಾಜ್ಯದ ಸ್ಯಾಗಿನಾ ಕಣಿವೆಯಲ್ಲಿ 1885ರಲ್ಲಿ ದಿನಕ್ಕೆ ಹತ್ತೇ ಗಂಟೆ ದುಡಿಮೆ ಬೇಕು ಅಂತ ಮಿಲ್ ಕೂಲಿಗಳು ಮುಷ್ಕರ ಹೂಡಿದ್ದರು. ಗ್ರಂಥಾಲಯದ ಕಲ್ಲಿನ ಹಿಂದೆ ಇಂಥ ಕೈಗಳ ಬೆವರೂ ಇದೆ. ಇದನ್ನು ಕೊನೆಗೊಂದು ಪ್ಯಾರಾದಲ್ಲಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ಸಾಮಿಲ್ಲಿನ ಅಧ್ಯಾಯದೊಳಗೇ ಹೆಣೆದಿದ್ದೇನೆ.

ಬಾಕಿ ಇರುವುದು ಹ್ಯೂಮ್ ಮತ್ತು ಮನೆಗಳ ಕಥೆ. ವೆಬ್‌ಸ್ಟರ್ ಅವೆನ್ಯೂದಲ್ಲಿ ಪಾಲುದಾರರಿಬ್ಬರ ಮನೆ ಅಕ್ಕಪಕ್ಕ, ಕುದುರೆಗಾಡಿಯ ಲಾಯ ಮಾತ್ರ ಇಬ್ಬರಿಗೂ ಒಂದೇ. ಅದರ ನೆಲದ ನಕ್ಷೆ ಬಿಡಿಸಲು ಶುರು ಮಾಡಿದ್ದೇನೆ. ಅದಾದ ಮೇಲೆ ಹ್ಯಾಕ್ಲಿ ಉಯಿಲಿನಲ್ಲಿ ಚಿತ್ರಗಳಿಗಾಗಿಯೇ ಬಿಟ್ಟುಹೋದ 1,50,000 ಡಾಲರ್ ಅಧ್ಯಾಯ. ಆ ಹಣದ ಬಲದಿಂದಲೇ ಊರಿಗೆ 1912ರಲ್ಲಿ ಕಲಾ ಗ್ಯಾಲರಿ ಬಂತು. ಆಮೇಲೆ ಅಮೆರಿಕದ ಚಿತ್ರಕಾರ ವಿಸ್ಲರ್‌ನ ಒಂದು ಚಿತ್ರ ಕೊಂಡದ್ದಕ್ಕೆ ಊರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಮುಂದಿನ ಕಂತಿನಲ್ಲಿ ಮೊದಲು ಲಾಯ, ಆಮೇಲೆ ಆ ಗಲಾಟೆ.