ಸಂಕ್ರಾಂತಿಗೆ ಹಿತ್ತಲ ಗೆಣಸು: ಹೆಗ್ಗಣಗಳ ಜೊತೆ ಎಂಟು ತಿಂಗಳು

ಹೋದ ವರ್ಷ ಸಂಕ್ರಾಂತಿಗೆ ಎರಡು ದಿನ ಇದೆ ಅನ್ನುವಾಗ ನಾನೂ ಅಮ್ಮನೂ ಗೆಣಸಿನ ಪಾತಿ ಅಗೆಯಲು ಕೂತೆವು. ಬಳ್ಳಿ ಪಾತಿ ತುಂಬ ಸೊಂಪಾಗಿ ಹಬ್ಬಿತ್ತು. ಎಳೆದರೆ ಸಲೀಸಾಗಿ ಬಂತು, ಬುಡದಲ್ಲಿ ಏನೂ ಇರಲಿಲ್ಲ. ಮಣ್ಣು ಕೆದಕಿದರೆ ಬರೀ ಸಿಪ್ಪೆ. ಒಂದು ಗೆಣಸು ಮಾತ್ರ ಇಡಿಯಾಗಿ ಉಳಿದಿದೆ ಅನ್ನಿಸಿತು. ಎತ್ತಿ ತಿರುಗಿಸಿದೆ. ಒಳಗೆಲ್ಲ ಟೊಳ್ಳು, ದೋಣಿ ಥರ. ಒಳಮೈ ಪೂರ್ತಿ ಜೋಡಿ ಜೋಡಿ ಗೀರು, ಚಿಕ್ಕ ಉಳಿಯಲ್ಲಿ ಕೆತ್ತಿದ ಹಾಗೆ. ಅಮ್ಮ ನೋಡಿದ ತಕ್ಷಣ "ಹೆಗ್ಗಣ ಕಣೇ" ಅಂದರು. ಆ ಹಬ್ಬಕ್ಕೆ ಗೆಣಸು ಮಾರ್ಕೆಟ್ಟಿಂದಲೇ ಬಂತು.

ಈ ಸಲ ಹಬ್ಬಕ್ಕೆ ಹಿತ್ತಲ ಗೆಣಸನ್ನೇ ಬೇಯಿಸಬೇಕು ಅಂತ ಹಟ ಹಿಡಿದೆ. ಮೇ ತಿಂಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಅದರಿಂದ ಮುಖ್ಯವಾದದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ನಮ್ಮದು ಮೈಸೂರಿನ ಹಳೇ ಬಡಾವಣೆಯ ಮನೆ. ಹಿಂದೆ 20 ಅಡಿಗೆ 12 ಅಡಿ ಹಿತ್ತಲು. ಒಂದು ಕಡೆ ಖಾಲಿ ಸೈಟು, ಅದರ ತುಂಬ ಪಾರ್ಥೇನಿಯಂ, ಕಸ. ಹಿಂಬದಿಗೆ ಚರಂಡಿ. ಹೆಗ್ಗಣಗಳಿಗೆ ಇದಕ್ಕಿಂತ ಒಳ್ಳೇ ಜಾಗ ಬೇಡ.

ಮೇ 9

ಮೊದಲ ಕೆಲಸ, ಯಾರು ಬರುತ್ತಿದ್ದಾರೆ, ಎಲ್ಲಿಂದ ಬರುತ್ತಿದ್ದಾರೆ ಅಂತ ಪತ್ತೆ ಮಾಡೋದು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಕಾಂಪೌಂಡಿನ ಬುಡದಲ್ಲಿ, ಕರಿಬೇವಿನ ಗಿಡದ ಪಕ್ಕ, ಎಲ್ಲ ಸೇರಿ ಐದು ಬಿಲ. ಬಾಯಿಯ ಮುಂದೆ ಪುಡಿ ಮಣ್ಣಿನ ಗುಡ್ಡೆ ಇದ್ದರೆ ಅದು ಹೆಗ್ಗಣದ್ದೇ. ಆದರೆ ಐದರಲ್ಲೂ ವಾಸ ಇರಬೇಕೆಂದಿಲ್ಲ. ಪ್ರತಿ ಬಿಲಕ್ಕೂ ನ್ಯೂಸ್‌ಪೇಪರ್ ಉಂಡೆ ಮಾಡಿ ಸಡಿಲವಾಗಿ ತುರುಕಿದೆ. ಬೆಳಗ್ಗೆ ನೋಡಿದರೆ ಮೂರು ಬಿಲದ ಉಂಡೆ ಹೊರಗೆ ಬಿದ್ದಿತ್ತು. ಎರಡು ಹಾಗೇ ಇದ್ದವು.

ಮೇ 11

ಗೋಡೆಯುದ್ದಕ್ಕೂ ರಂಗೋಲಿ ಪುಡಿ ತೆಳ್ಳಗೆ ಉದುರಿಸಿದೆ. ಅಕ್ಕಿ ಹಿಟ್ಟು ಹಾಕಿದರೆ ಇರುವೆ ತಿಂದು ಮುಗಿಸುತ್ತವೆ, ಕಲ್ಲಿನ ಪುಡಿಯೇ ಸರಿ. ಬೆಳಗ್ಗೆ ಆರಕ್ಕೆ ಟಾರ್ಚನ್ನು ನೆಲಕ್ಕೆ ಅಡ್ಡವಾಗಿ ಹಿಡಿದು ನೋಡಿದೆ. ಹೆಜ್ಜೆಗಳು ಸ್ಪಷ್ಟವಾಗಿದ್ದವು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಗೆರೆ. ಎಲ್ಲವೂ ಗೋಡೆಗೆ ಅಂಟಿಕೊಂಡೇ ಸಾಗಿದ್ದವು. ನಡು ಹಿತ್ತಲಲ್ಲಿ ಒಂದೂ ಇರಲಿಲ್ಲ. ಇಲಿ ಜಾತಿಯೇ ಹಾಗೆ, ಬಯಲಿಗಿಂತ ಗೋಡೆಯ ಮಗ್ಗುಲನ್ನು ನಂಬುತ್ತದೆ. ಇದು ಆಮೇಲೆ ಬೋನು ಇಡುವಾಗ ತುಂಬ ಉಪಯೋಗಕ್ಕೆ ಬಂತು.

ಚೆಂಡುಹೂವಿನ ಸಸಿ ತಿಂದದ್ದು ಮಾತ್ರ ಹೆಗ್ಗಣವಲ್ಲ. ಎಲೆಯ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಜಾಡು ಇತ್ತು. ಅದು ಬಸವನಹುಳು. ಅದರ ಲೆಕ್ಕ ಬೇರೆ.

ಜೂನ್ 2

ಪಕ್ಕದ ಮನೆಯ ಅಂಕಲ್ "ಒಂದು ಪುಡಿ ತಂದು ಹಿಟ್ಟಲ್ಲಿ ಕಲಸಿ ಇಡಮ್ಮ, ಒಂದೇ ರಾತ್ರಿ" ಅಂದರು. ಒಳ್ಳೇ ಮನಸ್ಸಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಅವರು ಹೇಳಿದ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಫಾಸ್ಫೀನ್ ಅನ್ನುವ ವಿಷದ ಗಾಳಿ ಆಗುತ್ತದೆ. ಮನುಷ್ಯರಿಗೆ ಸೇರಿದರೂ ಅದಕ್ಕೆ ಪ್ರತಿಮದ್ದು ಇಲ್ಲ. ಇನ್ನೊಂದು ಇಲಿ ವಿಷ, ಬ್ರೊಮಾಡಿಯೊಲೋನ್ ಬಿಲ್ಲೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ತಿಂದ ಇಲಿ ಸಾಯಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ಅದನ್ನು ಬೆಕ್ಕು, ಗೂಬೆ ತಿಂದರೆ ಅವಕ್ಕೂ ಅದೇ ಗತಿ. ನಮ್ಮ ಬೀದಿಯ ದೀಪದ ಕಂಬದ ಮೇಲೆ ರಾತ್ರಿ ಒಂದು ಕಣಜಗೂಬೆ ಬಂದು ಕೂರುತ್ತದೆ. ಬಿಳೀ ಮುಖ, ಹೃದಯದ ಆಕಾರ. ಅದರ ಊಟವೇ ಇಲಿ. ಆ ಊಟಕ್ಕೆ ವಿಷ ಹಾಕುವುದು ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟ ಹಾಗೆ.

ಜೂನ್ 8 ರಿಂದ 20

ಅವಕ್ಕೆ ಮನೆ, ಊಟ ಎರಡನ್ನೂ ಒದಗಿಸಿದ್ದು ನಾವೇ ಅಂತ ಈಗ ಅರ್ಥವಾಯಿತು. ಮೂಲೆಯಲ್ಲಿ ಹಳೇ ಹೆಂಚು, ತೆಂಗಿನ ಗರಿ ರಾಶಿ ಬಿದ್ದಿತ್ತು. ಗೊಬ್ಬರದ ಗುಂಡಿ ತೆರೆದೇ ಇತ್ತು. ಅದಕ್ಕೆ ದಿನಾ ಉಳಿದ ಅನ್ನ, ಮುದ್ದೆ ಬೀಳುತ್ತಿತ್ತು. ಹೆಂಚು ಕೊಟ್ಟುಬಿಟ್ಟೆ, ಗರಿ ಕತ್ತರಿಸಿ ಒಲೆಗೆ ಹಾಕಿದೆವು. ಗುಂಡಿ ಮುಚ್ಚಿ, ಮುಚ್ಚಳ ಇರುವ ಡ್ರಮ್ಮಿಗೆ ಬದಲಾಯಿಸಿದೆ. ಡ್ರಮ್ಮಿನ ಗಾಳಿ ತೂತುಗಳಿಗೆ ಒಳಗಿಂದ ಜಾಲರಿ. ಬೇಯಿಸಿದ ಪದಾರ್ಥ ಒಂದು ಚೂರೂ ಹಾಕೋ ಹಾಗಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದಾಯಿತು.

ಈ ಕೆಲಸಕ್ಕೆ ಗಂಬೂಟು, ರಬ್ಬರ್ ಗ್ಲೌಸ್ ಹಾಕಿಕೊಂಡೇ ಇಳಿದೆ. ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರುತ್ತದೆ. ದಯವಿಟ್ಟು ಬರಿಗಾಲಲ್ಲಿ ಇಂಥ ಕಡೆ ಇಳಿಯಬೇಡಿ.

ಜೂನ್ 28

ಸುಮ್ನೆ ದುಡ್ಡು ಹೋದ ಪ್ರಯೋಗಗಳು: ಖಾರದ ಪುಡಿ ಒಂದು ಮಳೆಗೆ ತೊಳೆದು ಹೋಯಿತು. ಪ್ಲಗ್ಗಿಗೆ ಹಾಕುವ, ಶಬ್ದ ಮಾಡಿ ಇಲಿ ಓಡಿಸುತ್ತದೆ ಅನ್ನುವ ಡಬ್ಬಿಯ ಪಕ್ಕದಲ್ಲೇ ಹೊಸ ಹಿಕ್ಕೆ ಬಿದ್ದಿತ್ತು. ನುಸಿಗುಳಿಗೆ ಹಾಕಿ ಅಂತ ಹೇಳಿದವರಿದ್ದಾರೆ, ಊಟದ ಗಿಡ ಬೆಳೆಯುವ ಮಣ್ಣಿಗೆ ಅದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ.

ಗ್ಲಿರಿಸಿಡಿಯಾ ಬಗ್ಗೆ ನನಗೆ ಆಸೆ ಇತ್ತು. ನಮ್ಮ ಕಡೆ ಗೊಬ್ಬರದ ಗಿಡ ಅನ್ನುತ್ತೇವಲ್ಲ, ಅದೇ. ಲ್ಯಾಟಿನ್ನಿನಲ್ಲಿ ಆ ಹೆಸರಿನ ಅರ್ಥವೇ ಇಲಿ ಕೊಲ್ಲುವುದು. ಮಧ್ಯ ಅಮೆರಿಕದಲ್ಲಿ ಅದರ ಎಲೆ, ತೊಗಟೆಯನ್ನು ಕಾಳಿನ ಜೊತೆ ಕೊಳೆಸಿ ಇಲಿಗೆ ಇಡುತ್ತಿದ್ದರು. ಆದರೆ ಗಿಡ ನೆಟ್ಟ ಮಾತ್ರಕ್ಕೆ ಇಲಿ ಹೆದರುವುದಿಲ್ಲ. ನಮ್ಮ ಬೇಲಿಯ ಗ್ಲಿರಿಸಿಡಿಯಾ ಬೇರಿನ ಮಗ್ಗುಲಲ್ಲೇ ಆರನೇ ಬಿಲ ಬಂತು. ಅದರ ಸೊಪ್ಪು ಒಳ್ಳೇ ಹಸಿರು ಗೊಬ್ಬರ, ಅದಕ್ಕೇ ಇಟ್ಟುಕೊಂಡಿದ್ದೇನೆ.

ಜುಲೈ 6 ರಿಂದ 25

ಬೋನು. ದೊಡ್ಡ ಅಳತೆಯ ತಂತಿ ಬೋನು ತಂದು, ಸುಟ್ಟ ತೆಂಗಿನಕಾಯಿ ಚೂರು ಸಿಕ್ಕಿಸಿ ಇಟ್ಟೆ. ನಾಲ್ಕು ದಿನ ಏನೂ ಇಲ್ಲ. ಹೊಸ ವಸ್ತು ಕಂಡರೆ ಇವಕ್ಕೆ ಅನುಮಾನ. ಆಮೇಲೆ ಬೋನಿನ ಬಾಗಿಲನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಬೀಳದ ಹಾಗೆ ಮಾಡಿ, ಗೋಡೆಗೆ ಒತ್ತಿ ಇಟ್ಟೆ. ದಿನಾ ಕಾಯಿ ಚೂರು ಹಾಕುವುದು, ಬೆಳಗ್ಗೆ ನೋಡುವುದು. ಐದನೇ ದಿನ ಕಾಯಿ ಖಾಲಿ. ಆರನೇ ದಿನವೂ ಖಾಲಿ. ಏಳನೇ ದಿನ ಕಟ್ಟು ಬಿಚ್ಚಿದೆ. ಬಿತ್ತು. ಎರಡು ವಾರದಲ್ಲಿ ಮೂರು.

ಹಿಡಿದದ್ದನ್ನು ಏನು ಮಾಡಿದೆ ಅಂದರೆ, ರಿಂಗ್ ರೋಡಿನ ಆಚೆ ಪಾಳು ಜಾಗದಲ್ಲಿ ಬಿಟ್ಟು ಬಂದೆ. ಮೂರನೆಯದನ್ನು ಬಿಡುವಾಗ ಸ್ವಲ್ಪ ದೂರದಲ್ಲಿ ಒಬ್ಬರು ರಾಗಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಅವರನ್ನು ನೋಡಿ ತುಂಬ ಬೇಸರವಾಯಿತು. ನಮ್ಮ ಹಿತ್ತಲ ಕಾಟವನ್ನು ಅವರ ಹೊಲಕ್ಕೆ ಹಾಕಿದ ಹಾಗಾಯಿತಲ್ವಾ? ಗುರುತಿಲ್ಲದ ಜಾಗದಲ್ಲಿ ಆ ಪ್ರಾಣಿ ಬದುಕುವುದೂ ಕಷ್ಟ. ಅಲ್ಲಿಗೆ ಬೋನು ಇಡುವುದನ್ನೇ ನಿಲ್ಲಿಸಿದೆ. ಹೇಗೂ ಮೂರು ಹೋದ ಜಾಗಕ್ಕೆ ಚರಂಡಿಯಿಂದ ಬೇರೆ ಮೂರು ಬರುತ್ತವೆ. ಹಿಡಿಯುವುದಲ್ಲ, ಗೆಣಸಿನ ಹತ್ತಿರಕ್ಕೆ ಬರದ ಹಾಗೆ ಮಾಡಬೇಕು.

ಆಗಸ್ಟ್ 16 ರಿಂದ 30

ಇದೇ ನನ್ನ ಮುಖ್ಯ ಕೆಲಸ. ಹೆಗ್ಗಣ ಕೆಳಗಿಂದಲೂ ಪಕ್ಕದಿಂದಲೂ ಬರದ ಹಾಗೆ ತಳಕ್ಕೂ ಸುತ್ತಲೂ ಜಾಲರಿ ಹಾಕಲು, 8 ಅಡಿ ಉದ್ದ, 3 ಅಡಿ ಅಗಲದ ಪಾತಿಯನ್ನು ಒಂದೂವರೆ ಅಡಿ ಆಳಕ್ಕೆ ಅಗೆದೆ. ಕೂಲಿಗೆ ಒಬ್ಬರು ಒಂದು ದಿನ ಬಂದರು, ಉಳಿದದ್ದು ನಾನೇ.

ಜಾಲರಿ ಆರಿಸುವಾಗ ಎಚ್ಚರ. ಕೋಳಿ ಜಾಲರಿ ಅಗ್ಗ, ಆದರೆ ಕಣ್ಣು ದೊಡ್ಡದು, ತಂತಿ ತೆಳು. ಇಲಿಗಳ ಮುಂದಿನ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಕಡಿಯುವುದು ಅವಕ್ಕೆ ದಿನದ ಕೆಲಸ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿಯನ್ನೇ ತಂದೆ. ಇದಕ್ಕೆ ಹೆಗ್ಗಣ ತೂರುವುದಿಲ್ಲ. ಚಿಟ್ಟಿಲಿ ಕಾಟ ಇರುವವರು ಕಾಲು ಇಂಚಿನದನ್ನೇ ತರಬೇಕು.

3 ಅಡಿ ಅಗಲದ ರೋಲಿನಲ್ಲಿ 31 ಅಡಿ ಬೇಕಾಯಿತು. ತಳಕ್ಕೆ 8 ಅಡಿ. ಸುತ್ತ ಗೋಡೆಗೆ 22, ಜೋಡಿಸುವ ಕಡೆ ಒಂದರ ಮೇಲೊಂದು ಬರಲು 1 ಅಡಿ. ಸುತ್ತಿನ ಜಾಲರಿ ಒಂದೂವರೆ ಅಡಿ ಮಣ್ಣೊಳಗೆ, ಒಂದೂವರೆ ಅಡಿ ಮೇಲೆ. ತಳಕ್ಕೂ ಗೋಡೆಗೂ ಸೇರುವ ಅಂಚನ್ನು ಒಂದು ಗೇಣಿಗೆ ಮೂರು ಕಡೆಯಂತೆ ತಂತಿಯಿಂದ ಹೊಲಿದೆ. ಬೆರಳು ತೂರುವ ಸಂದು ಎಲ್ಲೂ ಇರಬಾರದು. ಕೈಯೆಲ್ಲ ಗೀರಿಹೋಯಿತು.

ಇಷ್ಟಾದ ಮೇಲೆ ಅಮ್ಮ ಒಂದು ಮಾತು ಕೇಳಿದರು. "ಜಾಲರಿ ಹಿಡಿದುಕೊಂಡು ಹತ್ತಲ್ವಾ?" ಹೌದಲ್ಲ! ತೋಟದವರು ಇಲಿ ಹತ್ತದಿರಲಿ ಅಂತ ತೆಂಗಿನ ಮರಕ್ಕೆ ತಗಡು ಸುತ್ತುವುದು ನೆನಪಾಯಿತು. ನುಣುಪಾದ ತಗಡಿನ ಮೇಲೆ ಉಗುರು ನಿಲ್ಲುವುದಿಲ್ಲ. ಒಂದು ಅಡಿ ಅಗಲದ ತಗಡನ್ನು ಜಾಲರಿಯ ಮೇಲ್ಭಾಗಕ್ಕೆ ಹೊರಗಿಂದ ಸುತ್ತ ಬಿಗಿದೆ. ಅಂಚು ಕೈ ಕೊಯ್ಯದ ಹಾಗೆ ಹಳೇ ಪೈಪು ಸೀಳಿ ಹಾಕಿದೆ.

ಸೆಪ್ಟೆಂಬರ್ 4

ಒಂದೊಂದು ಅಡಿಗೆ ಒಂದರಂತೆ ಎರಡು ಸಾಲಿನಲ್ಲಿ 16 ಬಳ್ಳಿ ತುಂಡು ನೆಟ್ಟೆ. ಒಂದೊಂದರಲ್ಲೂ ನಾಲ್ಕು ಗೆಣ್ಣು, ಎರಡು ಗೆಣ್ಣು ಮಣ್ಣೊಳಗೆ. ಹೊರಗಡೆ, ಜಾಲರಿ ಇಲ್ಲದ ಚಿಕ್ಕ ಪಾತಿಯಲ್ಲಿ ಬೇಕೆಂದೇ 6 ತುಂಡು ನೆಟ್ಟೆ. ಜಾಲರಿಯಿಂದ ಉಪಯೋಗ ಆಯಿತೋ, ಹೆಗ್ಗಣವೇ ಈ ವರ್ಷ ಬರಲಿಲ್ಲವೋ ಅಂತ ತಿಳಿಯಬೇಕಲ್ಲ.

ಸೆಪ್ಟೆಂಬರ್ 19

ಎರಡು ದಿನದ ಮಳೆ. ಬಸವನಹುಳುಗಳ ದಂಡೇ ಬಂತು. ಇದು ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಬೆನ್ಸನ್ ಅನ್ನುವವರು ಮಾರಿಷಸ್‌ನಿಂದ ತಂದು ಕಲ್ಕತ್ತದಲ್ಲಿ ಬಿಟ್ಟರು, ಅಲ್ಲಿಂದ ನಮ್ಮ ಹಿತ್ತಲವರೆಗೂ ಬಂದಿದೆ. ತಗಡು ಇದನ್ನು ತಡೆಯುವುದಿಲ್ಲ, ಲೋಳೆ ಅಂಟಿಸಿಕೊಂಡು ಆರಾಮಾಗಿ ಹತ್ತುತ್ತದೆ.

ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ, ಎಲೆಕೋಸಿನ ಹೊರಸಿಪ್ಪೆ ಇಟ್ಟು, ರಾತ್ರಿ ಎಂಟೂವರೆಗೆ ಚೀಲ ಎತ್ತಿದೆ. ಮೊದಲ ರಾತ್ರಿ 41. ಎರಡನೇ ರಾತ್ರಿ 26. ಒಂದು ವಾರದ ಮೇಲೆ 4. ಗ್ಲೌಸ್ ಹಾಕಿ ಆರಿಸಿ, ಗಟ್ಟಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿದೆ. ಉಪ್ಪನ್ನು ಪಾತಿಯ ಮೇಲೆ ಮಾತ್ರ ಎರಚಬೇಡಿ, ಮಣ್ಣು ಕೆಡುತ್ತದೆ. ಒಂದು ಹುಳು ಒಂದು ಸಲಕ್ಕೆ ನೂರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ, ಆದ್ದರಿಂದ ಮಳೆಗಾಲದಲ್ಲೇ ಹಿಡಿಯಬೇಕು.

ಗ್ಲೌಸ್ ಯಾಕೆ ಅಂದರೆ, ಇಲಿಯ ಶ್ವಾಸಕೋಶದಲ್ಲಿ ಇರುವ ಒಂದು ಜಂತು ಇಲಿಯ ಹಿಕ್ಕೆಯಿಂದ ಬಸವನಹುಳುವಿಗೆ, ಅದರಿಂದ ಮನುಷ್ಯರಿಗೆ ದಾಟಬಹುದು, ಮಿದುಳಿನ ಪೊರೆಗೆ ಊತ ತರಬಹುದು. ಅಂದಿನಿಂದ ಹಿತ್ತಲ ಕೊತ್ತಂಬರಿಯನ್ನೂ ಎಲೆ ಬಿಡಿಸಿ ತೊಳೆಯುತ್ತೇವೆ.

ಅಕ್ಟೋಬರ್ 12

ಜಾಲರಿಯೊಳಗೆ ಹಸಿ ಮಣ್ಣು ಕೆದರಿತ್ತು. ಎದೆ ಧಸಕ್ ಅಂತು. ಸುತ್ತ ನೋಡಿದರೆ ಜಾಲರಿಗೆ ಏನೂ ಆಗಿಲ್ಲ. ಅವರೆ ಬಳ್ಳಿಗೆ ಅಂತ ತಂದ ಬಿದಿರು ಕೋಲನ್ನು ಹಿಂದಿನ ಸಂಜೆ ತಗಡಿಗೆ ಒರಗಿಸಿದ್ದೆ. ಅದೇ ಏಣಿ ಆಗಿತ್ತು. ಎರಡು ಬುಡದ ಎಳೆ ಗೆಡ್ಡೆ ಹೋಯಿತು. ಒಂದೇ ರಾತ್ರಿ!

ಅದೇ ದಿನ ಇನ್ನೊಂದು ಗಮನಕ್ಕೆ ಬಂತು. ಗೆಣಸಿನ ಬಳ್ಳಿಯೇ ತಗಡು ದಾಟಿ ಹೊರಗೆ ಇಳಿಯಲು ಹೊರಟಿತ್ತು. ಅದೂ ಏಣಿಯೇ. ಅಂದಿನಿಂದ ಪ್ರತಿ ಭಾನುವಾರ ಬಳ್ಳಿಯನ್ನು ಒಳಕ್ಕೆ ಮಗುಚುವುದು, ಜಾಸ್ತಿ ಇದ್ದರೆ ತುದಿ ಕತ್ತರಿಸುವುದು. ಕುಡಿ ಎಲೆಯನ್ನು ತೊಗರಿಬೇಳೆ ಜೊತೆ ಹುಳಿ ಮಾಡಿದರೆ ಚೆನ್ನಾಗಿರುತ್ತದೆ.

ನವೆಂಬರ್ 15

ಮಳೆ ನಿಂತು ಮಣ್ಣು ಬಿರಿಯಲು ಶುರುವಾಯಿತು. ಆ ಬಿರುಕಿನಿಂದಲೇ ಗೆಣಸಿನ ಮೂತಿಹುಳು ಗೆಡ್ಡೆಗೆ ಇಳಿಯುತ್ತದೆ. ಉದ್ದ ಮೂತಿ, ಕೆಂಪು ನಡು, ನೋಡಲು ಇರುವೆ ಥರ. ಅದು ಹೊಕ್ಕ ಗೆಣಸು ಕಹಿ, ಬೇಯಿಸಿದರೂ ತಿನ್ನಲಾಗುವುದಿಲ್ಲ. ಬುಡಕ್ಕೆ ಮಣ್ಣು ಏರಿಸಿ ಬಿರುಕು ಮುಚ್ಚಿದೆ. ಡಿಸೆಂಬರಿನಲ್ಲಿ ಇನ್ನೊಂದು ಸಲ ಏರಿಸಿದೆ.

ಡಿಸೆಂಬರ್ 21

ಮತ್ತೆ ಪೇಪರ್ ಉಂಡೆ ಪರೀಕ್ಷೆ. ಆರು ಬಿಲದಲ್ಲಿ ಒಂದರದ್ದು ಮಾತ್ರ ಹೊರಗೆ ಬಿದ್ದಿತ್ತು, ಕಾಂಪೌಂಡಿನ ಬುಡದ್ದು. ಗೊಬ್ಬರದ ಡ್ರಮ್ಮಿನಿಂದ ಇಷ್ಟು ವ್ಯತ್ಯಾಸ ಆಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಪರಂಗಿ ಹಣ್ಣಿಗೆ ಅಳಿಲು ಬರುತ್ತಿದೆ. ಹಳೇ ಸೀರೆಯ ಚೀಲ ಹೊಲಿದು ಎರಡಕ್ಕೆ ಕಟ್ಟಿದೆ, ಮೇಲಿನದನ್ನು ಅದಕ್ಕೇ ಬಿಟ್ಟೆ.

ಜನವರಿ 13

ಬೆಳಗ್ಗೆ ಏಳಕ್ಕೆ ಅಗೆದೆವು. ಮೊದಲ ಬುಡ ನನ್ನದು. ಮಣ್ಣೊಳಗೆ ಕೈ ಹಾಕಿದಾಗ ತಣ್ಣಗೆ, ಗಟ್ಟಿಯಾಗಿ, ಮುಷ್ಟಿಗೂ ದಪ್ಪ ಏನೋ ಸಿಕ್ಕಿತು. ಎತ್ತಿದರೆ ನಾಲ್ಕು ಗೆಣಸಿನ ಗೊಂಚಲು. ಅಮ್ಮ ಏನೂ ಮಾತಾಡದೆ ಸೆರಗಿನಲ್ಲಿ ಮಣ್ಣು ಒರೆಸುತ್ತಾ ಹೋದರು.

ಒಟ್ಟು 5 ಕೆಜಿ 300 ಗ್ರಾಂ. ಮೂರು ಗೆಣಸಿಗೆ ಮೂತಿಹುಳು, ಬೇರೆ ಇಟ್ಟೆ. ಹಲ್ಲಿನ ಗುರುತು ಒಂದರಲ್ಲೂ ಇಲ್ಲ. ಹೊರಗಿನ ಚಿಕ್ಕ ಪಾತಿಯ ಆರು ಬುಡದಲ್ಲಿ ಸಿಕ್ಕಿದ್ದು ಹೆಬ್ಬೆರಳಷ್ಟು ದಪ್ಪದ ಎರಡು ಗೆಣಸು, ಒಂದಷ್ಟು ಸಿಪ್ಪೆ. ಸಿಪ್ಪೆಯ ಒಳಮೈಯಲ್ಲಿ ಅದೇ ಜೋಡಿ ಗೀರು.

ಜಾಲರಿ, ತಗಡು, ತಂತಿ, ಕೂಲಿ ಸೇರಿ ಸುಮಾರು 3,600 ರೂಪಾಯಿ ಆಗಿದೆ. ಗೆಣಸಿನ ಬೆಲೆಗೆ ಹೋಲಿಸಬೇಡಿ, ಈ ಜಾಲರಿ ಇನ್ನೂ ಕೆಲವು ವರ್ಷ ಬರುತ್ತದೆ. ತಳದಲ್ಲಿ ತುಕ್ಕು ಹಿಡಿದಿದೆಯಾ ಅಂತ ಫೆಬ್ರವರಿಯಲ್ಲಿ ಒಂದು ಮೂಲೆ ತೆಗೆದು ನೋಡುತ್ತೇನೆ. ಆಮೇಲೆ ಅದೇ ಪಾತಿಗೆ ಕಡಲೆಕಾಯಿ.

ಈಗ ಒಲೆಯ ಮೇಲೆ ಅವರೆಕಾಯಿ ಜೊತೆ ಗೆಣಸು ಬೇಯುತ್ತಿದೆ. ಪಕ್ಕದ ಮನೆ ಅಂಕಲ್ಲಿಗೆ ನಾಳೆ ಎಳ್ಳು ಬೀರುವಾಗ ಎರಡು ದೊಡ್ಡದನ್ನು ಕೊಡಬೇಕು ಅಂತ ಅಮ್ಮ ಎತ್ತಿಟ್ಟಿದ್ದಾರೆ.