ಬೆಕ್ಕಿಗೂ ಫಿಟ್ಸ್ ಬರುತ್ತೆ ಕಣ್ರೀ

ನಮ್ಮ ಬೆಲ್ಲನಿಗೆ ಫಿಟ್ಸ್ ಬರುತ್ತದೆ ಅಂದರೆ ಜನ ಮೊದಲು ನಗುತ್ತಾರೆ. ಮನುಷ್ಯರಿಗೆ ಬರುವುದನ್ನು ನೋಡಿರುತ್ತಾರೆ, ನಾಯಿಗೆ ಬರುವುದನ್ನು ಕೇಳಿರುತ್ತಾರೆ, ಬೆಕ್ಕು ಅಂದ ತಕ್ಷಣ ಮಾತ್ರ ಏನೋ ತಮಾಷೆ ಅನ್ನಿಸಿಬಿಡುತ್ತದೆ. ನಾಯಿಗಳಿಗಿಂತ ಕಡಿಮೆ, ಆದರೆ ಬರುತ್ತದೆ. ಬಂದಾಗ ಮನೆಯಲ್ಲಿ ಇದ್ದವರಿಗೆಲ್ಲ ಏನಾದರೂ ಮಾಡಲೇಬೇಕು ಅಂತ ಕೈ ತುರಿಸುತ್ತದೆ. ಆ ಒಂದೆರಡು ನಿಮಿಷ ಬೆಕ್ಕನ್ನು ಮುಟ್ಟದೆ ಸುಮ್ನೆ ಕೂರುವುದಿದೆಯಲ್ಲ, ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ಬೆಲ್ಲ ಅಂದರೆ ಬೆಲ್ಲದ ಅಚ್ಚಿನ ಬಣ್ಣದ ಗಂಡು ಬೆಕ್ಕು. ನಾವಿರುವುದು ಮಂಡ್ಯದಲ್ಲಿ. ಮೊದಲ ಸಲ ಅವನಿಗೆ ಬಂದದ್ದು ಬೆಳಗಿನ ಜಾವ, ಎಲ್ಲರೂ ಮಲಗಿದ್ದಾಗ. ಅಡುಗೆಮನೆ ಕಡೆಯಿಂದ ಏನೋ ದಬದಬ ಬಡಿದುಕೊಳ್ಳುವ ಸದ್ದು. ಇಲಿ ಹಿಡಿದಿರಬೇಕು ಅಂತ ಲೈಟ್ ಹಾಕಿದರೆ, ಗ್ರೈಂಡರ್ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದಾನೆ. ನಾಲ್ಕೂ ಕಾಲು ಕೋಲಿನ ಹಾಗೆ ಸೆಟೆದುಕೊಂಡಿವೆ. ಕತ್ತು ಹಿಂದಕ್ಕೆ ವಾಲಿದೆ. ಆಮೇಲೆ ಕಾಲುಗಳು ಈಜುವವರ ಥರ ಗಾಳಿಯಲ್ಲಿ ಓಡತೊಡಗಿದವು, ದವಡೆ ಏನನ್ನೋ ಅಗಿಯುತ್ತಿತ್ತು, ಜೊಲ್ಲು ನೊರೆಯಾಗಿ ಮೀಸೆಗೆಲ್ಲ ಮೆತ್ತಿಕೊಂಡಿತ್ತು, ನೆಲದಲ್ಲಿ ಉಚ್ಚೆ ಹರಿದಿತ್ತು. ಕಣ್ಣು ಪೂರ್ತಿ ತೆರೆದಿದ್ದವು, ಪಾಪೆ ದೊಡ್ಡದಾಗಿ ಇಡೀ ಕಣ್ಣೇ ಕಪ್ಪು. ಆದರೆ ಆ ಕಣ್ಣು ನಮ್ಮನ್ನು ನೋಡುತ್ತಿರಲಿಲ್ಲ.

ಅತ್ತೆ ಎದ್ದು ಬಂದವರೇ ದೇವರಮನೆ ಗೂಡಿನಿಂದ ಬೀಗದ ಕೈ ಗೊಂಚಲು ತಂದರು. ನಮ್ಮ ಕಡೆ ಮೂರ್ಛೆ ಬಿದ್ದವರ ಕೈಗೆ ಕಬ್ಬಿಣ ಕೊಡುವುದು ನಿಮಗೂ ಗೊತ್ತಲ್ವಾ. 'ಬೆಕ್ಕುಗೂ ಪಿಡ್ಸು ಬತ್ತದಾ ಮಗ?' ಅಂತ ಕೇಳುತ್ತಲೇ ಅವನ ಪಂಜಕ್ಕೆ ಗೊಂಚಲು ಒತ್ತುವುದಕ್ಕೆ ಹೋದರು. ನನ್ನ ಗಂಡ ಈರುಳ್ಳಿ ಹೆಚ್ಚಲು ಓಡಿದರು. ಮೇಲಿನ ಮನೆ ಅಕ್ಕ ಕಿಟಕಿಯಿಂದಲೇ 'ಬಾಯಿಗೆ ನೀರು ಬಿಡಿ, ಬಾಯಿಗೆ ನೀರು ಬಿಡಿ' ಅಂತ ಕೂಗುತ್ತಿದ್ದರು. ಯಾರದೂ ತಪ್ಪಲ್ಲ, ಕಂಡು ಕೇಳಿದ್ದನ್ನೇ ತಾನೇ ಮಾಡುವುದು. ಅಷ್ಟರಲ್ಲಿ ಅದೇ ನಿಂತಿತು. ಕಬ್ಬಿಣ ಹಿಡಿದಿದ್ದರೂ ನಿಲ್ಲುತ್ತಿತ್ತು, ಹಿಡಿಯದಿದ್ದರೂ ನಿಲ್ಲುತ್ತಿತ್ತು. ಬಹಳಷ್ಟು ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ, ಅದಕ್ಕೇ ಕಬ್ಬಿಣಕ್ಕೆ ಇಷ್ಟು ಒಳ್ಳೆ ಹೆಸರು ಬಂದಿರುವುದು.

ನೀರು ಬಿಡುವುದು ಮಾತ್ರ ನಿಜವಾಗಿ ಅಪಾಯ. ನುಂಗುವ ಸ್ಥಿತಿಯಲ್ಲಿ ಇಲ್ಲದ ಪ್ರಾಣಿಯ ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ನಾಲಿಗೆ ನುಂಗಿಬಿಡುತ್ತದೆ ಅಂತ ಬಾಯಿಗೆ ಬೆರಳು, ಚಮಚ ತುರುಕುವುದೂ ಬೇಡ. ನಾಲಿಗೆ ನುಂಗುವುದಕ್ಕೆ ಆಗುವುದಿಲ್ಲ. ನಿಮ್ಮ ಬೆರಳು ಮಾತ್ರ ಹೋಗುತ್ತದೆ, ಯಾಕೆಂದರೆ ಕಚ್ಚುತ್ತಿದ್ದೇನೆ ಅನ್ನುವುದು ಬೆಕ್ಕಿಗೇ ಗೊತ್ತಿರುವುದಿಲ್ಲ. ಬೆಕ್ಕಿನ ಹಲ್ಲು ಸೂಜಿ, ಗಾಯ ಹೊರಗೆ ಚಿಕ್ಕದು, ಒಳಗೆ ಆಳ. ಬೇಗ ಕೀವಾಗುತ್ತದೆ. ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತು, ರೇಬೀಸ್ ಲಸಿಕೆ ಹಾಕಿಸದ, ಹೊರಗೆಲ್ಲ ಸುತ್ತುವ ಬೆಕ್ಕು ಇದ್ದಕ್ಕಿದ್ದಂತೆ ಮೈಮೇಲೆ ಎಗರುತ್ತಿದೆ, ತೂರಾಡುತ್ತಿದೆ, ಫಿಟ್ಸ್ ಬರುತ್ತಿದೆ ಅಂದರೆ ಅದನ್ನು ಬರೀ ಫಿಟ್ಸ್ ಅಂದುಕೊಂಡು ತೊಡೆ ಮೇಲೆ ಮಲಗಿಸಿಕೊಳ್ಳಬೇಡಿ. ರೇಬೀಸ್ ಕೂಡ ಹೀಗೇ ಕಾಣಿಸಬಹುದು.

ಹಾಗಾದರೆ ಮಾಡುವುದೇನು? ಗಡಿಯಾರ ನೋಡುವುದು. ತಮಾಷೆಯಲ್ಲ, ಅದೇ ಮುಖ್ಯ. ನಮಗೆ ಅರ್ಧ ಗಂಟೆ ಅನ್ನಿಸಿದ್ದು ಮೊಬೈಲ್‌ನಲ್ಲಿ ನೋಡಿದರೆ ಒಂದೂವರೆ ನಿಮಿಷ ಇರುತ್ತದೆ. ಐದು ನಿಮಿಷ ದಾಟಿದರೆ ಮಾತ್ರ ಯಾರ ಮಾತೂ ಕೇಳದೆ ಗಾಡಿ ತೆಗೆಯಬೇಕು. ಅಷ್ಟು ಹೊತ್ತು ಸ್ನಾಯುಗಳು ಕೆಲಸ ಮಾಡಿದರೆ ಮೈ ಬಿಸಿ ಏರುತ್ತದೆ, ಮಿದುಳಿಗೆ ಪೆಟ್ಟಾಗುತ್ತದೆ. ಒಂದು ಮುಗಿದು ಪೂರ್ತಿ ಎಚ್ಚರ ಆಗುವ ಮೊದಲೇ ಇನ್ನೊಂದು ಬಂದರೂ ಅಷ್ಟೇ. 24 ಗಂಟೆಯೊಳಗೆ ಎರಡು, ಮೂರು ಬಂದರೂ ಕಾಯುವ ಹಾಗಿಲ್ಲ. ಬೆಕ್ಕು ಮೆಟ್ಟಿಲ ಹತ್ತಿರ, ಒಲೆ ಹತ್ತಿರ, ನೀರಿನ ತೊಟ್ಟಿ ಹತ್ತಿರ ಇದ್ದರೆ ಟವೆಲ್ ಹಾಕಿ ಮೆಲ್ಲಗೆ ಎಳೆದುಕೊಳ್ಳಿ. ಇಲ್ಲದಿದ್ದರೆ ಬಿದ್ದಲ್ಲೇ ಇರಲಿ, ಸುತ್ತಲಿನ ಪಾತ್ರೆ ಪಗಡೆ ಸರಿಸಿ, ಲೈಟು ಟಿವಿ ಆರಿಸಿ. ಮತ್ತೆ ವಿಡಿಯೋ. ಬೆಕ್ಕು ಒದ್ದಾಡುತ್ತಿರುವಾಗ ಮೊಬೈಲ್ ಹಿಡಿದು ನಿಂತಿದ್ದಾಳಲ್ಲ ಇವಳು ಅಂತ ಯಾರಾದರೂ ಅಂದರೆ ಅನ್ನಲಿ. ಡಾಕ್ಟರ ಮುಂದೆ ಇಟ್ಟ ಅರ್ಧ ನಿಮಿಷದ ವಿಡಿಯೋ ನಮ್ಮ ಹತ್ತು ನಿಮಿಷದ ವರ್ಣನೆಗಿಂತ ಜಾಸ್ತಿ ಕೆಲಸ ಮಾಡಿತು.

ಯಾಕೆಂದರೆ ಫಿಟ್ಸ್ ಥರ ಕಾಣುವ ಬೇರೆ ಸಂಗತಿಗಳೂ ಇವೆ. ಹೃದಯದ ತೊಂದರೆಯಿಂದ ತಲೆಸುತ್ತಿ ಬೀಳುವ ಬೆಕ್ಕು ಮೆತ್ತಗೆ ಕುಸಿಯುತ್ತದೆ, ಕೆಲವೇ ಸೆಕೆಂಡಿನಲ್ಲಿ ಎದ್ದು ಏನೂ ಆಗದ ಹಾಗೆ ನಡೆದುಬಿಡುತ್ತದೆ. ಒಳಕಿವಿಯ ತೊಂದರೆಯಾದರೆ ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು ಉರುಳಾಡುತ್ತದೆ. ಇದ್ದಕ್ಕಿದ್ದಂತೆ ಹಿಂಗಾಲು ಎಳೆದುಕೊಂಡು ಜೋರಾಗಿ ಕಿರುಚುತ್ತಿದ್ದರೆ ಅದು ಕಾಲಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅದೂ ತುರ್ತು. ನಿದ್ದೆಯಲ್ಲಿ ಪಂಜ ಅದುರುವುದು ಏನೂ ಅಲ್ಲ, ಹೆಸರು ಕೂಗಿದರೆ ಕಣ್ಣು ಬಿಡುತ್ತದೆ.

ಎಲ್ಲಕ್ಕಿಂತ ಜಾಸ್ತಿ ಗೊಂದಲ ಆಗುವುದು ಗಾಬರಿಯಲ್ಲಿ. ನಮ್ಮ ಬೀದಿಯ ಗಣೇಶನ್ನ ಬಿಡುವ ದಿನ ತಮಟೆ, ಪಟಾಕಿ, ಟ್ರ್ಯಾಕ್ಟರ್ ಮೇಲೆ ಸ್ಪೀಕರ್ ಡಬ್ಬಗಳು. ಬೆಲ್ಲ ಗೋಡೆ ಹತ್ತಿ, ಕರ್ಟನ್ ಹರಿದು, ಅಟ್ಟದ ಮೇಲೆ ಹಳೆ ಹಿತ್ತಾಳೆ ಪಾತ್ರೆಗಳ ಹಿಂದೆ ಸೇರಿಕೊಂಡ. ಅವತ್ತೂ ಪಾಪೆ ದೊಡ್ಡದಾಗಿತ್ತು, ಉಚ್ಚೆ ಹೊಯ್ದುಕೊಂಡಿದ್ದ, ಮೈ ನಡುಗುತ್ತಿತ್ತು. ಆದರೆ ಹೆದರಿದ ಬೆಕ್ಕಿಗೆ ತಾನೆಲ್ಲಿಗೆ ಹೋಗುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಕಿವಿ ಸದ್ದಿನ ಕಡೆ ತಿರುಗುತ್ತದೆ. ಕೈ ಚಾಚಿದರೆ ನಿಮ್ಮನ್ನೇ ನೋಡಿ ಬುಸ್ ಅನ್ನುತ್ತದೆ. ಫಿಟ್ಸ್‌ನಲ್ಲಿ ಈ ಯಾವುದೂ ಇರುವುದಿಲ್ಲ. ಅಡಗಿದ ಬೆಕ್ಕನ್ನು ಸಮಾಧಾನ ಮಾಡುತ್ತೇನೆ ಅಂತ ಎಳೆದು ತೆಗೆಯಬೇಡಿ, ಅಲ್ಲೇ ಇರಲಿ, ಹತ್ತಿರ ನೀರಿಟ್ಟು ಬಾಗಿಲು ಎಳೆದುಕೊಂಡು ಬನ್ನಿ. ಆದರೆ ಬಾಯಿ ತೆರೆದುಕೊಂಡು ನಾಯಿ ಥರ ತೇಕುತ್ತಿದ್ದು, ಸದ್ದು ನಿಂತ ಮೇಲೂ ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಓಡಬೇಕು. ನಾಯಿ ತೇಕುವುದು ಮಾಮೂಲಿ, ಬೆಕ್ಕಿಗೆ ಅದು ಮಾಮೂಲಿಯಲ್ಲ.

ಇದರ ನಡುವೆ ಇನ್ನೊಂದು ಜಾತಿ ಇದೆ, ಪೂರ್ತಿ ಬೀಳದ ಫಿಟ್ಸ್. ಮುಖದ ಒಂದೇ ಪಕ್ಕ ಅದುರುತ್ತದೆ, ಕಿವಿ ಪಟಪಟ ಅನ್ನುತ್ತದೆ, ಇಲ್ಲದ ನೊಣ ಹಿಡಿಯುತ್ತದೆ, ತನ್ನದೇ ಬಾಲ ಕಂಡು ಬೆಚ್ಚಿ ದಿಕ್ಕಿಲ್ಲದೆ ಓಡುತ್ತದೆ. ಇದನ್ನೇ ಜನ 'ಗಾಳಿ ಮೆಟ್ಟಿಕೊಂಡಿದೆ' ಅನ್ನುವುದು. ಅದಕ್ಕೂ ವಿಡಿಯೋನೇ ದಾರಿ.

ಫಿಟ್ಸ್ ನಿಂತ ಮೇಲಿನ ಹೊತ್ತು ನನಗೆ ಇನ್ನೂ ಕಷ್ಟ ಅನ್ನಿಸಿತು. ಬೆಲ್ಲ ಎದ್ದ, ಆದರೆ ಕಣ್ಣು ಕಾಣುತ್ತಿರಲಿಲ್ಲ. ಗೋಡೆಗೆ ಮೂಗು ತಾಗಿಸಿಕೊಂಡು ಹೋಗಿ ಮೂಲೆಯಲ್ಲಿ ನಿಂತುಬಿಡುತ್ತಿದ್ದ. ನನ್ನ ಕೈ ಮೂಸಿ ಯಾರೋ ಹೊಸಬರು ಅನ್ನುವ ಹಾಗೆ ಹಿಂದೆ ಸರಿದ. ಆಮೇಲೆ ಶುರುವಾಯಿತು ಹಸಿವು. ಅನ್ನ, ಮೀನು, ಅತ್ತೆ ಎತ್ತಿಟ್ಟಿದ್ದ ಮೊಸರು, ಸಿಕ್ಕಿದ್ದೆಲ್ಲ ಗಬಗಬ. ಕೆಲವಕ್ಕೆ ಇದು ಕೆಲವು ನಿಮಿಷ, ಕೆಲವಕ್ಕೆ ದಿನವಿಡೀ ಇರುತ್ತದಂತೆ. ಪೂರ್ತಿ ಎಚ್ಚರವಾಗಿ ತಾನಾಗಿಯೇ ನುಂಗುವ ತನಕ ಊಟ ಕೊಡಬಾರದು, ಎತ್ತರದ ಜಾಗಕ್ಕೆ ಹತ್ತಲು ಬಿಡಬಾರದು. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಬೇರೆ ಕೋಣೆಯಲ್ಲಿಡಿ. ವಾಸನೆ, ನಡಿಗೆ ಬದಲಾಗಿರುವುದರಿಂದ ಅದು ಇದರ ಮೇಲೆ ಬೀಳಬಹುದು.

ಬೆಳಗ್ಗೆ ತರಕಾರಿ ಬುಟ್ಟಿಗೆ ಟವೆಲ್ ಹಾಸಿ, ಮೇಲೊಂದು ಬುಟ್ಟಿ ಮಗುಚಿ ಕಟ್ಟಿ, ಮೈಸೂರಿಗೆ ಕರೆದುಕೊಂಡು ಹೋದೆವು. ಶ್ರೀರಂಗಪಟ್ಟಣ ದಾಟುವವರೆಗೂ ಕೂಗಿದ. ಆ ಕೂಗು ಕೇಳಿ ನನಗೆ ಖುಷಿಯಾಯಿತು, ನಿಜ ಹೇಳುತ್ತೇನೆ.

ಡಾಕ್ಟರು ಬೆಕ್ಕು ಮುಟ್ಟುವ ಮೊದಲೇ ಕೇಳಿದ್ದು, 'ಮನೇಲಿ ನಾಯಿ ಇದೆಯಾಮ್ಮ?' ನಮ್ಮಲ್ಲಿಲ್ಲ, ಕೆಳಗಿನ ಓನರ್ ಮನೆಯಲ್ಲಿದೆ, ಬೆಲ್ಲ ಅದರ ಹೊಟ್ಟೆಗೆ ಒರಗಿಯೇ ಮಲಗುತ್ತಾನೆ ಅಂದೆ. ಹಾಗಾದರೆ ನಾಯಿಗೆ ಉಣ್ಣಿ, ಚಿಗಟಕ್ಕೆ ಏನು ಹಾಕುತ್ತಾರೆ ಅಂತ ಫೋನ್ ಮಾಡಿ ಕೇಳಿ ಅಂದರು. ಬೆನ್ನಿಗೆ ಬಿಡುವ ಕೆಲವು ನಾಯಿ ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ನಾಯಿಯ ಲಿವರ್ ಅದನ್ನು ಒಡೆದು ಹೊರಹಾಕುತ್ತದೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ತೀರಾ ಕಡಿಮೆ. ಬೆಕ್ಕಿಗೆ ನೇರವಾಗಿ ಹಚ್ಚಿದರಂತೂ ಹೇಳುವುದೇ ಬೇಡ, ಔಷಧಿ ಹಚ್ಚಿದ ನಾಯಿಯನ್ನು ಉಜ್ಜಿಕೊಂಡು ಮಲಗಿದರೂ ಸಾಕು, ಮೊದಲು ಕಿವಿ ಅದುರುವುದು, ಮೈ ನಡುಕ, ಆಮೇಲೆ ಫಿಟ್ಸ್. ಓನರ್ ಆಂಟಿ ಪ್ಯಾಕೆಟ್ ಫೋಟೋ ಕಳಿಸಿದರು, ಅದರಲ್ಲಿ ಅದಿರಲಿಲ್ಲ. ಆದರೆ ನಾಯಿ, ಬೆಕ್ಕು ಎರಡೂ ಇರುವ ಮನೆಯವರು ದಯವಿಟ್ಟು ಆ ಪ್ಯಾಕೆಟ್ ಓದಿ. 'ಚಿಕ್ಕ ನಾಯಿದು ಅರ್ಧ ಹಾಕಿದ್ರೆ ಏನಾಗಲ್ಲ' ಅನ್ನುವ ಲೆಕ್ಕ ಬೆಕ್ಕಿನ ವಿಷಯದಲ್ಲಿ ನಡೆಯುವುದಿಲ್ಲ.

ಆಮೇಲೆ ಗದ್ದೆ ಕಡೆ ಹೋಗುತ್ತಾನಾ, ಕೀಟನಾಶಕ ಹೊಡೆದಿದ್ದರಾ, ಇಲಿ ಪಾಷಾಣ ಇಟ್ಟಿದ್ದರಾ, ಎತ್ತರದಿಂದ ಬಿದ್ದಿದ್ದನಾ, ಹಸಿ ಮೀನು ತಿನ್ನಿಸುತ್ತೀರಾ ಅಂತ ಕೇಳಿದರು. ಹಸಿ ಮೀನಿಗೂ ಫಿಟ್ಸ್‌ಗೂ ಏನು ಸಂಬಂಧ ಅಂದರೆ, ಕೆಲವು ಜಾತಿ ಮೀನಿನಲ್ಲಿ ಬಿ1 ವಿಟಮಿನ್ ಅನ್ನು ಹಾಳು ಮಾಡುವ ಅಂಶ ಇರುತ್ತದೆ. ದಿನಾ ಅದನ್ನೇ ಹಸಿಯಾಗಿ ತಿಂದರೆ ಬಿ1 ಕಡಿಮೆಯಾಗಿ ತಲೆ ಬಗ್ಗುತ್ತದೆ, ಫಿಟ್ಸ್ ಬರುತ್ತದೆ. ಬೇಯಿಸಿದರೆ ಆ ಅಂಶ ಸಾಯುತ್ತದೆ. ನಾವು ಬೇಯಿಸಿಯೇ ಹಾಕುವುದು. ರಕ್ತ ತೆಗೆದು ಸಕ್ಕರೆ, ಕಿಡ್ನಿ, ಲಿವರ್ ನೋಡಿದರು, ಎಲ್ಲ ಸರಿ. ವಯಸ್ಸಾದ ಬೆಕ್ಕಾಗಿದ್ದರೆ ಬಿಪಿ, ಥೈರಾಯ್ಡ್, ತಲೆಯೊಳಗಿನ ಗಡ್ಡೆ ಅಂತ ಇನ್ನೂ ಹುಡುಕಬೇಕಾಗುತ್ತದೆ. ಎಂಆರ್‌ಐ ಮಾಡಿಸಬೇಕೆಂದರೆ ಬೆಕ್ಕಿಗೆ ಅರಿವಳಿಕೆ ಕೊಡಬೇಕು, ಖರ್ಚೂ ಜಾಸ್ತಿ. ಮೊದಲು ಮಾತ್ರೆಯಲ್ಲಿ ನೋಡೋಣ ಅಂತ ಆಯಿತು.

ವಯಸ್ಸಾದ ಬೆಕ್ಕು ಅಂದಾಗ ನೆನಪಾಯಿತು. ಕೆಲವು ಮುದಿ ಬೆಕ್ಕುಗಳಿಗೆ ಸದ್ದಿನಿಂದಲೇ ಫಿಟ್ಸ್ ಬರುತ್ತದೆ, ಅದೂ ಪಟಾಕಿಯಂಥ ದೊಡ್ಡ ಸದ್ದೇ ಬೇಕಿಲ್ಲ. ಬಟ್ಟಲಿಗೆ ಚಮಚ ತಾಗಿದ್ದು, ಫಾಯಿಲ್ ಹಾಳೆ ಮುದುಡಿದ್ದು, ಕೀಬೋರ್ಡ್ ಕುಟ್ಟಿದ್ದು, ಚಿಲ್ಲರೆ ಕಾಸು ಉದುರಿದ್ದು. ಬ್ರಿಟನ್ನಿನ ಪಶುವೈದ್ಯರು 2015ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಅವರ ಪಟ್ಟಿಯಲ್ಲಿ ಬೀಗದ ಕೈಗಳ ಝಣಝಣವೂ ಇದೆ. ಇದನ್ನು ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, 'ಹಂಗಾರೆ ಒಂದೇ ಬೀಗದ ಕೈ ಇಡ್ಬೇಕು ಕನವ್ವ, ಗೊಂಚಲು ಬ್ಯಾಡ' ಅಂದರು. ಅವರಿಗೆ ಯಾರು ಎದುರು ಹೇಳುತ್ತಾರೆ.

ಬೆಲ್ಲನಿಗೆ ಬರೆದುಕೊಟ್ಟದ್ದು ಫಿನೋಬಾರ್ಬಿಟೋನ್. ಮನುಷ್ಯರ ಫಿಟ್ಸ್‌ಗೆ 1912ರಿಂದ ಬಳಕೆಯಲ್ಲಿರುವ ಹಳೇ ಮಾತ್ರೆ, ಚೀಟಿ ಇಲ್ಲದೆ ಕೊಡುವುದಿಲ್ಲ. ಮೆಡಿಕಲ್ ಸ್ಟೋರ್ ಹುಡುಗ ಚೀಟಿ ನೋಡಿ 'ಪೇಷೆಂಟ್ ಹೆಸರು ಬೆಲ್ಲಾನಾ ಮೇಡಂ?' ಅಂದ, ತೂಕದ ಜಾಗದಲ್ಲಿ ನಾಲ್ಕು ಕೆಜಿ ಅಂತ ಓದಿ ನನ್ನನ್ನು ಒಮ್ಮೆ ನೋಡಿದ. ಪ್ರಮಾಣ ಡಾಕ್ಟರೇ ಹೇಳಬೇಕು, ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಯಾರದೋ ಫಿಟ್ಸ್ ಮಾತ್ರೆ ಇದೆ ಅಂತ ಮುರಿದು ಕೊಡುವುದಂತೂ ಬೇಡವೇ ಬೇಡ.

12 ಗಂಟೆಗೊಂದು ಸಲ, ತಪ್ಪಿಸುವ ಹಾಗಿಲ್ಲ. ಮೊದಲ ಕೆಲವು ದಿನ ಕುಡಿದವರ ಹಾಗೆ ತೂಗಾಡಿದ, ನಿದ್ದೆ ಜಾಸ್ತಿ, ಹಸಿವು ಇನ್ನೂ ಜಾಸ್ತಿ. ಆಮೇಲೆ ಸರಿಹೋಯಿತು. ಎರಡು ಮೂರು ವಾರ ಆದ ಮೇಲೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕು, ಲಿವರ್ ಕಡೆ ಆಗಾಗ ಕಣ್ಣಿಡಬೇಕು. 'ಈಗ ಬರುತ್ತಿಲ್ಲವಲ್ಲ' ಅಂತ ಒಮ್ಮೆಗೇ ನಿಲ್ಲಿಸಿದರೆ ಇನ್ನೂ ಜೋರಾಗಿ ವಾಪಸ್ ಬರಬಹುದು. ಮಾತ್ರೆ ಕಹಿ. ಬರೀ ಮಾತ್ರೆ ನುಂಗಿಸಿದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಹಿಂದೆಯೇ ಸಿರಿಂಜಿನಲ್ಲಿ ಸ್ವಲ್ಪ ನೀರು ಬಿಡಬೇಕು. ನಮ್ಮವನಿಗೆ ಬೇಯಿಸಿದ ಮೀನಿನ ಸಣ್ಣ ಉಂಡೆಯಲ್ಲಿ ಸೇರಿಸಿದರೆ ನಡೆಯುತ್ತದೆ. ಕೆಲವು ದಿನ ಮೀನು ತಿಂದು ಮಾತ್ರೆ ಮಾತ್ರ ಉಗಿದಿರುತ್ತಾನೆ, ಅದಕ್ಕೆ ಚಾಪೆ ಕೆಳಗೂ ನೋಡುವುದು ರೂಢಿ.

ಫಿಟ್ಸ್ ಪೂರ್ತಿ ನಿಂತಿಲ್ಲ, ತೀರಾ ಅಪರೂಪಕ್ಕೆ ಬರುತ್ತದೆ. ಬಂದ ದಿನ, ಹೊತ್ತು, ಎಷ್ಟು ನಿಮಿಷ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದ, ಎಲ್ಲ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತೇವೆ. ಹಾಲಿನವನು ಒಮ್ಮೆ ಅದನ್ನು ನೋಡಿ ತನ್ನ ಲೆಕ್ಕವೇ ಇರಬೇಕು ಅಂತ ಜಗಳಕ್ಕೆ ಬಂದಿದ್ದ.

ಈಗ ಮುಂದಿರುವುದು ದಸರಾ ಮತ್ತು ದೀಪಾವಳಿ. ದಸರಾಕ್ಕೆ ಮೈಸೂರಿನ ನಾದಿನಿ ಮನೆಗೆ ಅವನನ್ನೂ ಕರೆದುಕೊಂಡು ಹೋಗುವ ಯೋಚನೆ ಇತ್ತು. ಅವರ ಮನೆ ಅರಮನೆಗೆ ಹತ್ತಿರ, ಜಂಬೂ ಸವಾರಿ ದಿನ 21 ಕುಶಾಲತೋಪು ಹಾರಿಸುವುದು ಕಿಟಕಿ ಗಾಜು ಅದುರುವ ಹಾಗೆ ಕೇಳಿಸುತ್ತದೆ. ಆನೆಗಳಿಗಾದರೆ ಮುಂಚೆಯಿಂದಲೇ ಫಿರಂಗಿ ತಾಲೀಮು ಕೊಡುತ್ತಾರೆ, ಬೆಲ್ಲನಿಗೆ ಯಾರು ಕೊಡುತ್ತಾರೆ? ಆದ್ದರಿಂದ ಈ ಸಲ ಅವನೂ ಅತ್ತೆಯೂ ಮಂಡ್ಯದಲ್ಲೇ. ದೀಪಾವಳಿಗೆ ಮಾತ್ರೆ ಸ್ವಲ್ಪ ಜಾಸ್ತಿ ಮಾಡಲಾ ಅಂತ ಡಾಕ್ಟರನ್ನು ಕೇಳಿದ್ದಕ್ಕೆ, ನೀವಾಗಿ ಮುಟ್ಟಲೇಬೇಡಿ, ಒಳಗಿನ ಕೋಣೆ ಕಿಟಕಿ ಮುಚ್ಚಿ ಫ್ಯಾನ್ ಹಾಕಿ ಬಿಡಿ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಿ ಸಾಕು ಅಂದರು. ಅತ್ತೆ ಮೊಬೈಲ್‌ನಲ್ಲಿ ವಿಡಿಯೋ ಮಾಡುವುದು ಕಲಿತಿದ್ದಾರೆ. ಸದ್ಯಕ್ಕೆ ಮುಕ್ಕಾಲು ಭಾಗ ಅವರ ಹೆಬ್ಬೆರಳೇ ಬರುತ್ತದೆ.