ಕೊಚ್ಚಿಗೆ ಹೋದರೆ ಮಟ್ಟಾಂಚೇರಿಗೆ ಒಂದು ಪೂರ್ತಿ ದಿನ ಕೊಡಿ

ಕೊಚ್ಚಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಅಂತ ಕೇಳಿ. ಚೀನಾ ಬಲೆ, ವಾಸ್ಕೋ ಡ ಗಾಮನ ಚರ್ಚು, ಸಂಜೆ ಬೀಚು ಅಂತಾರೆ. ಮಟ್ಟಾಂಚೇರಿ? ‘ಹೂಂ, ಆಟೋದಲ್ಲಿ ಒಂದು ರೌಂಡ್ ಹಾಕಿ ಬಂದ್ವಿ’ ಅಂತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ ಆಗಬೇಕು. ಫೋರ್ಟ್ ಕೊಚ್ಚಿಯಲ್ಲಿರುವುದು ಬಂದು ಹೋದವರ ಕಟ್ಟಡಗಳು. ಅಲ್ಲಿಂದ ಎರಡು ಮೂರು ಕಿಲೋಮೀಟರ್ ದೂರದ ಮಟ್ಟಾಂಚೇರಿಯಲ್ಲಿ ಬಂದು ಉಳಿದವರ ಗುಡಿ, ಮನೆ, ಅಂಗಡಿಗಳಿವೆ. ಆ ಊರನ್ನು ಆಟೋದಲ್ಲಿ ನೋಡಲು ಆಗುವುದಿಲ್ಲ, ನಡೆಯಬೇಕು.

ಮೊದಲು ವಾರದ ಲೆಕ್ಕ ನೋಡಿಕೊಳ್ಳಿ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಶನಿವಾರ ರಜೆ, ಶುಕ್ರವಾರ ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ, ಯಹೂದಿ ಹಬ್ಬಗಳಿಗೂ ಮುಚ್ಚಿರುತ್ತದೆ. ಮಸಾಲೆ ಮಂಡಿಗಳಿರುವ ಬಜಾರ್ ರೋಡ್ ಭಾನುವಾರ ಬಹುತೇಕ ಖಾಲಿ. ಹಾಗಾಗಿ ಸೋಮವಾರದಿಂದ ಗುರುವಾರದ ಒಳಗೆ ರಜೆ ಹಾಕಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ವಾರಾಂತ್ಯವೇ ಗತಿ ಅಂದರೆ ಶನಿವಾರ ಫೋರ್ಟ್ ಕೊಚ್ಚಿ ಮತ್ತು ಬಜಾರ್ ರೋಡ್ ಮುಗಿಸಿ, ಭಾನುವಾರ ಅರಮನೆ, ಸಿನಗಾಗ್ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಎರ್ನಾಕುಲಂ. ಮಂಗಳೂರಿನವರಿಗೂ ರಾತ್ರಿ ರೈಲುಗಳಿವೆ. ಎರ್ನಾಕುಲಂನಲ್ಲಿ ಟೌನ್ ಮತ್ತು ಜಂಕ್ಷನ್ ಅಂತ ಎರಡು ಸ್ಟೇಷನ್ ಇವೆ, ಟಿಕೆಟ್ ಮಾಡುವಾಗ ಯಾವುದು ಅಂತ ನೋಡಿಕೊಳ್ಳಿ. ಅಲ್ಲಿಂದ ಟ್ಯಾಕ್ಸಿ ಹಿಡಿಯುವ ಬದಲು ಹೈಕೋರ್ಟ್ ಜೆಟ್ಟಿಗೆ ಹೋಗಿ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ದೋಣಿ ಹತ್ತಿ. ಟ್ರಾಫಿಕ್ ತಪ್ಪುತ್ತದೆ, ಜತೆಗೆ ಈ ಊರಿಗೆ ಹಡಗಿನವರು ಯಾಕೆ ಬಂದರು ಅಂತ ನೀರಿನ ಮೇಲಿಂದ ನೋಡಿದರೇ ಗೊತ್ತಾಗುವುದು. ಎದುರಿಗೆ ತೆರೆದ ಸಮುದ್ರ, ಒಳಗೆ ಶಾಂತವಾದ ಅಗಲ ಹಿನ್ನೀರು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪ್ರವಾಹದಿಂದ ಈ ಬಂದರು ತೆರೆದುಕೊಂಡಿತು, ಉತ್ತರದ ಹಳೆಯ ಮುಸಿರಿಸ್ ಬಂದರು ಹೂಳು ತುಂಬಿ ಮುಗಿಯಿತು ಅಂತ ಹೇಳುತ್ತಾರೆ. ನಡುವೆ ಕಾಣುವ ವಿಲ್ಲಿಂಗ್ಡನ್ ದ್ವೀಪ ದೇವರು ಕೊಟ್ಟದ್ದಲ್ಲ. ಇಂಗ್ಲಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕಳೆದ ಶತಮಾನದಲ್ಲಿ ಬಂದರಿನ ಹೂಳೆತ್ತಿಸಿ, ಅದೇ ಮಣ್ಣು ಹಾಕಿ ಮಾಡಿಸಿದ ನೆಲ ಅದು.

ಫೋರ್ಟ್ ಕೊಚ್ಚಿಯಲ್ಲಿ ಕೋಟೆ ಹುಡುಕಬೇಡಿ. ಪೋರ್ಚುಗೀಸರು 1503ರಲ್ಲಿ ಕಟ್ಟಿದ ಕೋಟೆಯನ್ನು ಬ್ರಿಟಿಷರು 1806ರಲ್ಲಿ ಕೆಡವಿಸಿದರು. ಸೇಂಟ್ ಫ್ರಾನ್ಸಿಸ್ ಚರ್ಚು ಹತ್ತು ನಿಮಿಷದಲ್ಲಿ ನೋಡಿ ಮುಗಿಯುವಷ್ಟು ಸಣ್ಣದು. ಆದರೂ ಸ್ವಲ್ಪ ಹೊತ್ತು ಕೂತುಕೊಳ್ಳಿ. ವಾಸ್ಕೋ ಡ ಗಾಮ 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲೇ ಸತ್ತ. ಹೂತದ್ದು ಇಲ್ಲೇ. ಆಮೇಲೆ ಅವನ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು, ಈಗ ಇರುವುದು ನೆಲಕ್ಕೆ ಹಾಸಿದ ಕಲ್ಲು ಮಾತ್ರ. ತಲೆ ಎತ್ತಿದರೆ ಉದ್ದನೆಯ ಬಟ್ಟೆಯ ಬೀಸಣಿಗೆಗಳು ತೂಗುತ್ತವೆ. ಹಿಂದೆ ಪ್ರಾರ್ಥನೆ ಮುಗಿಯುವ ತನಕ ಹೊರಗೆ ನಿಂತು ಅದರ ಹಗ್ಗ ಎಳೆಯಲೆಂದೇ ಆಳುಗಳು ಇರುತ್ತಿದ್ದರು.

ಮಂಗಳೂರಿನವರು ಸಾಂತಾಕ್ರೂಜ್ ಬೆಸಿಲಿಕಾ ಮಾತ್ರ ಬಿಡಬೇಡಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಸೂರು ತುಂಬ ಚಿತ್ರ ಬರೆದ ಇಟಲಿಯ ಆಂಟೋನಿಯೊ ಮೊಸ್ಕೇನಿ ಇದ್ದಾರಲ್ಲ, ಅವರ ಕೊನೆಯ ಕೆಲಸ ಇಲ್ಲಿದೆ. ಈ ಚರ್ಚು ಉದ್ಘಾಟನೆಯಾದದ್ದು 1905ರ ನವೆಂಬರಿನಲ್ಲಿ. ಅದಕ್ಕೆ ಕೆಲವೇ ದಿನ ಮುಂಚೆ ಮೊಸ್ಕೇನಿ ಕೊಚ್ಚಿಯಲ್ಲೇ ತೀರಿಕೊಂಡರು. ಅಲೋಶಿಯಸ್ ಚಾಪೆಲ್ ನೋಡಿ ಬೆಳೆದವರಿಗೆ ಇಲ್ಲಿನ ಮುಖಗಳು, ಬಣ್ಣಗಳು ಪರಿಚಯದವೇ ಅನಿಸುತ್ತವೆ.

ಚೀನಾ ಬಲೆಗಳನ್ನು ಬೆಳಿಗ್ಗೆ ಬೇಗ ಹೋಗಿ ನೋಡಿ. ಸಂಜೆ ಜನಜಂಗುಳಿಯಲ್ಲಿ ಫೋಟೋ ಬಿಟ್ಟು ಬೇರೇನೂ ದಕ್ಕುವುದಿಲ್ಲ. ಬೆಳಿಗ್ಗೆಯಾದರೆ ಅದು ಕೆಲಸ ಮಾಡುವ ರೀತಿ ಗೊತ್ತಾಗುತ್ತದೆ. ಹಗ್ಗಗಳಿಗೆ ದೊಡ್ಡ ದೊಡ್ಡ ಕಲ್ಲು ಕಟ್ಟಿ ತೂಗುಬಿಟ್ಟಿರುತ್ತಾರೆ. ಬಲೆ ಮೇಲೆ ಬಂದ ಹಾಗೆ ಕಲ್ಲುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಆ ಭಾರ ಇಲ್ಲದಿದ್ದರೆ ನಾಲ್ಕೈದು ಜನರಿಗೆ ಅಷ್ಟು ದೊಡ್ಡ ಬಲೆ ಎತ್ತಲು ಸಾಧ್ಯವೇ ಇಲ್ಲ. ಹಗ್ಗ ಎಳೆಯಲು ನಿಮ್ಮನ್ನೂ ಕರೆಯುತ್ತಾರೆ. ಆಮೇಲೆ ದುಡ್ಡು ಕೇಳುತ್ತಾರೆ, ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ಮೀನು ಕಮ್ಮಿಯಾಗಿ ಬಲೆಗಳ ರಿಪೇರಿ ಖರ್ಚೇ ಅವರಿಗೆ ಭಾರ. ನಾನಂತೂ ಚೌಕಾಸಿ ಮಾಡಲಿಲ್ಲ.

ಮಟ್ಟಾಂಚೇರಿಗೆ ಹೋಗುವ ದಾರಿಯಲ್ಲಿ ವೇಳಿ ಅನ್ನುವಲ್ಲಿ ಧೋಬಿ ಖಾನಾ ಇದೆ. ಡಚ್ಚರ ಕಾಲದಲ್ಲಿ ಸಿಪಾಯಿಗಳ ಬಟ್ಟೆ ಒಗೆಯಲು ತಮಿಳುನಾಡಿನಿಂದ ಬಂದ ವಣ್ಣಾರ್ ಸಮುದಾಯದವರು ಇಂದಿಗೂ ಇಲ್ಲಿ ಕೈಯಲ್ಲೇ ಬಟ್ಟೆ ಒಗೆಯುತ್ತಾರೆ. ಒಣಹಾಕುವ ಹಗ್ಗಗಳನ್ನು ಹತ್ತಿರ ಹೋಗಿ ನೋಡಿ. ಎರಡು ಎಳೆ ಸೇರಿಸಿ ಹುರಿ ಮಾಡಿ ಕಟ್ಟಿರುತ್ತಾರೆ. ಹುರಿಯನ್ನು ಬೆರಳಲ್ಲಿ ಸ್ವಲ್ಪ ಬಿಡಿಸಿ ಬಟ್ಟೆಯ ತುದಿ ಸಿಕ್ಕಿಸಿದರೆ ಹಿಡಿದುಕೊಳ್ಳುತ್ತದೆ. ಕ್ಲಿಪ್ಪಿನ ಕೆಲಸವೇ ಇಲ್ಲ. ಸಮುದ್ರದ ಗಾಳಿಗೆ ಸಾಲು ಸಾಲು ಬಿಳಿ ಶೀಟುಗಳು ಪಟಪಟ ಹೊಡೆದುಕೊಂಡರೂ ಒಂದೂ ಜಾರುವುದಿಲ್ಲ. ಫೋಟೋ ತೆಗೆಯುವ ಮುಂಚೆ ಕೇಳಿ. ಅದು ಅವರ ಕೆಲಸದ ಜಾಗ.

ಈಗ ಮಟ್ಟಾಂಚೇರಿ. ಅರಮನೆಯಿಂದ ಶುರು ಮಾಡಿ. ಆಟೋದವರಿಗೆ ‘ಡಚ್ ಪ್ಯಾಲೇಸ್’ ಅಂದರೆ ಗೊತ್ತಾಗುತ್ತದೆ. ಆದರೆ ಇದನ್ನು ಕಟ್ಟಿಸಿದವರು ಪೋರ್ಚುಗೀಸರು. 16ನೇ ಶತಮಾನದ ಮಧ್ಯದಲ್ಲಿ ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟರು. ಹತ್ತಿರದ ಒಂದು ದೇವಸ್ಥಾನವನ್ನು ಲೂಟಿ ಮಾಡಿದ್ದಕ್ಕೆ ರಾಜನನ್ನು ಸಮಾಧಾನ ಮಾಡಲು ಕೊಟ್ಟದ್ದು ಅನ್ನುತ್ತಾರೆ. 1663ರಲ್ಲಿ ಕೊಚ್ಚಿ ಗೆದ್ದ ಡಚ್ಚರು ಇದನ್ನು ದುರಸ್ತಿ ಮಾಡಿಸಿದರು, ಹೆಸರು ಅವರದ್ದೇ ಉಳಿಯಿತು. ಹೊರಗಿನಿಂದ ಸಾದಾ ಬಿಳಿ ಕಟ್ಟಡ. ಒಳಗೆ ರಾಜನ ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣ. ದಶರಥನ ಯಾಗದಿಂದ ಶುರುವಾಗಿ ರಾಮ ಅಯೋಧ್ಯೆಗೆ ವಾಪಸ್ ಬರುವ ತನಕ. ಬಣ್ಣ ಕೆಂಪು, ಹಳದಿ, ಹಸಿರು ಜಾಸ್ತಿ. ಒಂದು ಇಂಚು ಜಾಗ ಖಾಲಿ ಬಿಟ್ಟಿಲ್ಲ, ಒಂದರ ಮೈಮೇಲೆ ಒಂದು ಬಿದ್ದ ಹಾಗೆ ಆಕೃತಿಗಳು. ಮೊದಲ ನೋಟಕ್ಕೆ ಏನೂ ತಿಳಿಯುವುದಿಲ್ಲ. ಒಬ್ಬ ವ್ಯಕ್ತಿಯನ್ನು ಹಿಡಿದುಕೊಂಡು ನಿಧಾನವಾಗಿ ಮುಂದೆ ಹೋಗಿ, ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮಗೆ ಕಥೆ ಗೊತ್ತಿರುವುದೇ ದೊಡ್ಡ ಅನುಕೂಲ, ಅಲ್ವಾ? ಚಿತ್ರಗಳಿರುವ ಕೋಣೆಗಳಲ್ಲಿ ಫೋಟೋ ತೆಗೆಯುವಂತಿಲ್ಲ. ಕೆಳಗಿನ ಕೋಣೆಯ ಕೃಷ್ಣ, ಗೋವರ್ಧನದ ಚಿತ್ರಗಳನ್ನು ಎಷ್ಟೋ ಜನ ನೋಡದೆ ಹೋಗುತ್ತಾರೆ, ಇಳಿದು ನೋಡಿ.

ಅರಮನೆಯ ಪಕ್ಕದಲ್ಲೇ ಸಿನಗಾಗ್. ಅರಮನೆಯ ದೇವಸ್ಥಾನಕ್ಕೂ ಇದಕ್ಕೂ ಒಂದೇ ಗೋಡೆ. 1568ರಲ್ಲಿ ಕಟ್ಟಿದ್ದು. ಪೋರ್ಚುಗೀಸರ ಕಾಟದಿಂದ ಓಡಿಬಂದ ಯಹೂದಿಗಳಿಗೆ ರಾಜ ತನ್ನ ಮಗ್ಗುಲಲ್ಲೇ ಜಾಗ ಕೊಟ್ಟ. ಇದೇ ರಾಜಮನೆತನ ಕಲ್ಲಿಕೋಟೆಯ ದೊರೆ ಸಾಮೂದಿರಿಯ ಭಯಕ್ಕೆ ಪೋರ್ಚುಗೀಸರನ್ನು ಬಂದರಿಗೆ ಸೇರಿಸಿಕೊಂಡಿತ್ತು ಅನ್ನುವುದು ನೆನಪಿರಲಿ. ಒಂದು ಕೈಯಲ್ಲಿ ಓಡಿಸುವವರನ್ನು, ಇನ್ನೊಂದು ಕೈಯಲ್ಲಿ ಓಡಿಬಂದವರನ್ನು ಹಿಡಿದುಕೊಂಡ ರಾಜ್ಯ ಇದು. ಕೋಟೆಯೊಳಗೆ ಅವರು, ಕೋಟೆ ಹೊರಗೆ ರಾಜನ ನೆಲದಲ್ಲಿ ಇವರು. ಇಡೀ ಮಟ್ಟಾಂಚೇರಿ ಹುಟ್ಟಿದ್ದೇ ಹಾಗೆ.

ಸಿನಗಾಗ್‌ಗೆ ಚಪ್ಪಲಿ ಬಿಟ್ಟು ಹೋಗಬೇಕು. ಕಾಲಡಿ ಚೀನಾದಿಂದ ಬಂದ ನೀಲಿ-ಬಿಳಿ ಹೆಂಚುಗಳು. ಕೈಯಲ್ಲೇ ಬರೆದ ಚಿತ್ರಗಳಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಹೆಚ್ಚಿನ ಗೈಡ್‌ಗಳು ಹೆಂಚು, ದೀಪದ ಗೊಂಚಲು ತೋರಿಸಿ ಕರೆದುಕೊಂಡು ಹೋಗಿಬಿಡುತ್ತಾರೆ. ಎ.ಬಿ. ಸಲೇಂ ಅನ್ನುವವರ ಬಗ್ಗೆ ಕೇಳಿ. ಯಹೂದಿಗಳಲ್ಲೂ ಇಲ್ಲಿ ಮೇಲು-ಕೀಳು ಇತ್ತು. ಗುಲಾಮಗಿರಿಯಿಂದ ಬಿಡುಗಡೆಯಾದವರ ಸಂತತಿ ಅಂತ ಕೆಲವು ಮನೆತನದವರನ್ನು ಒಳಗೆ ಕೂರಲು ಬಿಡುತ್ತಿರಲಿಲ್ಲ. ಸಲೇಂ ಆ ಮನೆತನದ ವಕೀಲರು. ಗಾಂಧಿಯ ದಾರಿ ಹಿಡಿದು ಈ ಸಿನಗಾಗ್‌ನಲ್ಲೇ ಸತ್ಯಾಗ್ರಹ ಮಾಡಿದರು, ನಿಧಾನವಾಗಿ ಆ ಕಟ್ಟಳೆ ಮುರಿಯಿತು. ಮುಂದೆ ಇಸ್ರೇಲ್ ಹುಟ್ಟಿದ ಮೇಲೆ ಹೆಚ್ಚಿನ ಯಹೂದಿಗಳು ಅಲ್ಲಿಗೆ ಹೊರಟುಹೋದರು. ಈಗ ಬೀದಿಯ ಅಂಗಡಿಗಳೆಲ್ಲ ಬೇರೆಯವರದ್ದು. ಆ ನೆಲದ ಮೇಲೆ ನಿಂತಾಗ ನನಗೆ ಹೆಂಚಿಗಿಂತ ಜಾಸ್ತಿ ಕಾಡಿದ್ದು ಒಳಗೆ ಕೂರುವ ಹಕ್ಕಿಗಾಗಿ ಹೋರಾಡಿದವರ ಕಥೆ.

ಅಲ್ಲಿಂದ ಚೆರಳಾಯಿ ಕಡೆ ನಡೆಯಿರಿ. ಪ್ರವಾಸಿಗರು ಪೂರ್ತಿ ಕಮ್ಮಿ. ಕಿವಿಗೆ ಕೊಂಕಣಿ ಬೀಳುತ್ತದೆ. ಗೋವಾದಲ್ಲಿ ಪೋರ್ಚುಗೀಸರ ಹಿಂಸೆ ತಾಳಲಾರದೆ 16ನೇ ಶತಮಾನದಲ್ಲಿ ಹೊರಟ ಗೌಡ ಸಾರಸ್ವತರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಕೊಚ್ಚಿ ತನಕ ಬಂದರು. ಅವರ ತಿರುಮಲ ದೇವಸ್ವಂ ದೇವಸ್ಥಾನ ಇಲ್ಲಿದೆ, ದೇವರು ವೆಂಕಟರಮಣ. ಕಾರ್ಕಳ, ಮಂಗಳೂರಿನ ವೆಂಕಟರಮಣನ ಗುಡಿಗೆ ಹೋಗಿ ಅಭ್ಯಾಸ ಇದ್ದವರಿಗೆ ಇದು ಬೇರೆ ಊರು ಅನಿಸುವುದೇ ಇಲ್ಲ. ಗಂಡಸರು ಅಂಗಿ ತೆಗೆಯಬೇಕು, ಪಂಚೆ ಒಯ್ದರೆ ಒಳ್ಳೆಯದು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೋ ಸಂಜೆಯೋ ಹೋಗಿ.

ಇದೇ ಕೊಂಕಣಿ ಸಮುದಾಯದ ಇನ್ನೊಂದು ಕೆಲಸ ಹೇಳಲೇಬೇಕು. ಡಚ್ ಗವರ್ನರ್ ವಾನ್ ರೀಡೆ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಮಾಡಿಸಿದ ‘ಹೊರ್ಟುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ, ಜತೆಗೆ ಕೊಚ್ಚಿಯ ಮೂವರು ಕೊಂಕಣಿ ಪಂಡಿತರು: ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್. ಅವರು ನಾಗರಿ ಲಿಪಿಯಲ್ಲಿ ಕೊಂಕಣಿಯಲ್ಲೇ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲಿದೆ. ಚೆರಳಾಯಿಯ ಬೀದಿಯಲ್ಲಿ ನಡೆಯುವಾಗ ಇದು ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಹತ್ತಿರದಲ್ಲೇ ಗುಜರಾತಿ ರೋಡ್, ಬಿಳಿ ಜೈನ ಬಸದಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಾರೆ, ಮಕ್ಕಳಿದ್ದರೆ ಆ ಸಮಯಕ್ಕೆ ಹೋಗಿ. ಊಟಕ್ಕೆ ಮಾಂಸ ತಿನ್ನುವವರು ಮಟ್ಟಾಂಚೇರಿ ಬಿರಿಯಾನಿ ತಿನ್ನಿ, ಸಸ್ಯಾಹಾರಿಗಳಿಗೆ ಗುಜರಾತಿ ರೋಡಿನ ಸುತ್ತ ಸಿಗುತ್ತದೆ. ಸಂಜೆ ಬಜಾರ್ ರೋಡಿನಲ್ಲಿ ನಡೆದು ವಾಪಸ್ ಬನ್ನಿ. ಹಳೇ ಗೋದಾಮುಗಳ ಮುಂದೆ ಮೂಟೆ ಇಳಿಸುತ್ತಿರುತ್ತಾರೆ. ಒಣಶುಂಠಿಯ ಘಾಟು ಮೂಗಿಗೆ ಬಡಿಯುತ್ತದೆ. ಮಸಾಲೆ ಕೊಳ್ಳುವುದಾದರೆ ಇಲ್ಲಿ ಕೊಳ್ಳಿ, ಸಿನಗಾಗ್ ಬೀದಿಯ ಅಲಂಕಾರದ ಡಬ್ಬಿಗಳು ಬೇಡ. ‘ಒಂದೇ ಒಂದು ಅಂಗಡಿ ಸುಮ್ನೆ ನೋಡಿ ಬನ್ನಿ’ ಅನ್ನುವ ಆಟೋದವರಿಗೆ ಬೇಡ ಅಂತ ಮೊದಲೇ ಹೇಳಿಬಿಡಿ. ಕಮಿಷನ್ ಲೆಕ್ಕಕ್ಕೆ ನಿಮ್ಮ ಅರ್ಧ ದಿನ ಹೋಗುತ್ತದೆ.

ಉಳಿಯಲು ಫೋರ್ಟ್ ಕೊಚ್ಚಿಯ ಹೋಂಸ್ಟೇಗಳೇ ಅನುಕೂಲ. ಸೊಳ್ಳೆ ವಿಪರೀತ, ಪರದೆ ಇದೆಯಾ ಅಂತ ಕೇಳಿ ಬುಕ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಏಪ್ರಿಲ್-ಮೇ ಬೆವರು. ನವೆಂಬರ್‌ನಿಂದ ಫೆಬ್ರವರಿ ನಡೆದಾಡಲು ಒಳ್ಳೆಯದು. ಬಿಯನಾಲೆ ಕಲಾಪ್ರದರ್ಶನ ಇರುವ ವರ್ಷ ಡಿಸೆಂಬರ್ ಆಚೆಗೆ ರೂಮು ಸಿಗುವುದು ಕಷ್ಟ, ಆದರೆ ಬೇರೆ ದಿನಗಳಲ್ಲಿ ಬೀಗ ಹಾಕಿರುವ ಹಳೇ ಗೋದಾಮುಗಳ ಒಳಗೂ ಆಗ ಹೋಗಬಹುದು.

ಇನ್ನೊಂದು ದಿನ ಕೈಯಲ್ಲಿದ್ದರೆ ಉತ್ತರಕ್ಕೆ ಪರವೂರು, ಚೇಂದಮಂಗಲಂ ಕಡೆ ಹೋಗಿ. ಎರಡು ಕಡೆಯೂ ಹಳೇ ಸಿನಗಾಗ್‌ಗಳನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಮಟ್ಟಾಂಚೇರಿಯಲ್ಲಿ ನೋಡಿದ್ದು ‘ಪರದೇಶಿ’ ಅಂದರೆ ಹೊರದೇಶದಿಂದ ಬಂದ ಯಹೂದಿಗಳದ್ದು, ಇಲ್ಲಿನದು ಅವರಿಗಿಂತ ಮುಂಚಿನಿಂದ ಇದ್ದ ಮಲಬಾರಿ ಯಹೂದಿಗಳದ್ದು. ಇಂಥ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಇರುತ್ತದೆ, ಮಂಗಳವಾರವೇ ಇಟ್ಟುಕೊಳ್ಳಿ.